ಕೇಸರಿ ಬಣ್ಣದ ನೀರು ಹೇಳಿದ ಲೆಕ್ಕ: ನನ್ನ ಪಿಕಪ್‌ನ ಥ್ರಾಟಲ್ ಬಾಡಿ

ಡಲ್ಲಾಸ್ ಸುತ್ತಮುತ್ತಲಿನ ನಮ್ಮ ಕನ್ನಡದ ಬಳಗದಲ್ಲಿ ಪಿಕಪ್ ಟ್ರಕ್ ಬಿಚ್ಚಿ ಜೋಡಿಸುವ ಹುಚ್ಚು ಇರುವವರು ಐದು ಮಂದಿ. ಉಳಿದ ನಾಲ್ವರೂ ನನಗೆ ಹೇಳುತ್ತಿದ್ದುದು ಒಂದೇ ಮಾತು: "ಕ್ಯಾಮ್ ಬದಲಾಯಿಸಿದ್ದೀಯ, ಎಕ್ಸಾಸ್ಟ್ ಬದಲಾಯಿಸಿದ್ದೀಯ. 90 ಮಿ.ಮೀ. ಥ್ರಾಟಲ್ ಬಾಡಿ ಹಾಕದಿದ್ದರೆ ಅಷ್ಟೂ ದಂಡ." ಥ್ರಾಟಲ್ ಬಾಡಿ ಎಂದರೆ ಪೆಡಲ್ ಒತ್ತಿದಷ್ಟು ತೆರೆದು ಇಂಜಿನ್‌ಗೆ ಗಾಳಿ ಬಿಡುವ ಬಾಗಿಲು, 90 ಎಂಬುದು ಅದರ ಬಾಯಿಯ ಅಗಲ. 80 ಸಾಕು ಎಂದು ನಾನು ವಾದಿಸಿದಾಗ ನಕ್ಕರು. ನೀರು ತುಂಬಿದ ಪ್ಲಾಸ್ಟಿಕ್ ಕೊಳವೆಯಿಂದ ಅಳೆದಿದ್ದೇನೆ ಎಂದಾಗ ಇನ್ನೂ ಜೋರಾಗಿ ನಕ್ಕರು. ಹೋದ ತಿಂಗಳು ಅವರಲ್ಲೊಬ್ಬ ಅದೇ ಕೊಳವೆಯನ್ನು ಎರವಲು ಕೇಳಿಕೊಂಡು ಬಂದ. ಹಾಗಾಗಿ ಈ ಬರಹ.

ಗಾಡಿ 2002ರ ಷೆವರ್ಲೆ ಸಿಲ್ವರಾಡೊ, 5.3 ಲೀಟರ್ ವಿ8, ಕೇಬಲ್ ಥ್ರಾಟಲ್, ಅಂದರೆ ಪೆಡಲ್ ಒತ್ತಿದರೆ ತಂತಿ ಎಳೆದು ಬಾಗಿಲು ತೆರೆಯುವಂಥದ್ದು. ಕಂಪನಿಯಿಂದ ಬಂದ ಬಾಡಿಯ ಬಾಯಿ ನನ್ನ ವರ್ನಿಯರ್‌ನಲ್ಲಿ 75 ಮಿ.ಮೀ. ಆಸುಪಾಸು. ಇಂಜಿನ್‌ಗೆ ಏನನ್ನೂ ಮಾಡಿಸದವರು ಇಲ್ಲಿಗೇ ಓದು ನಿಲ್ಲಿಸಿ, ಬಾಡಿಯನ್ನು ಚೆನ್ನಾಗಿ ತೊಳೆದು ಹಾಕಿಕೊಳ್ಳಬಹುದು. ಅದಕ್ಕಿಂತ ಹೆಚ್ಚಿನದೇನೂ ಸಿಗುವುದಿಲ್ಲ.

ಮೊದಲ ಸಲ ನಾನೂ ಅವರ ಮಾತನ್ನೇ ಕೇಳಿದ್ದೆ. 90 ಮಿ.ಮೀ. ಬಾಡಿಗೆ ನಾಲ್ಕು ಬೋಲ್ಟ್, ಗಾಳಿಯನ್ನು ಸಿಲಿಂಡರ್‌ಗಳಿಗೆ ಹಂಚುವ ನನ್ನ ಮ್ಯಾನಿಫೋಲ್ಡ್‌ಗೆ ಮೂರು. ಅಡಾಪ್ಟರ್ ಸೇರಿ ಸುಮಾರು 260 ಡಾಲರ್ ಆಯಿತು. ದೊಡ್ಡ ಬಾಗಿಲಿನ ಹಿಂದೆ ಮ್ಯಾನಿಫೋಲ್ಡ್‌ನ ಚಿಕ್ಕ ಬಾಯಿ, ನಡುವೆ ಹೊಸ್ತಿಲಿನ ಹಾಗೆ ಒಂದು ಅಂಚು. ಪೆಡಲ್ ಮುಟ್ಟಿದರೆ ಸಾಕು, ಗಾಡಿ ಹಾರುತ್ತಿತ್ತು. "ನೋಡು, ಶಕ್ತಿ ಬಂತು" ಎಂದರು. ಬಂದಿದ್ದು ಶಕ್ತಿಯಲ್ಲ, ಮೊದಲು ಅರ್ಧ ಪೆಡಲ್‌ಗೆ ಸಿಗುತ್ತಿದ್ದ ಗಾಳಿ ಕಾಲು ಪೆಡಲ್‌ಗೇ ಸಿಗುತ್ತಿತ್ತು, ಅಷ್ಟೇ. ಲೂಯಿಸ್‌ವಿಲ್ ಕೆರೆಯ ದಡದಲ್ಲಿ ದೋಣಿಯ ಟ್ರೇಲರನ್ನು ರಿವರ್ಸ್ ಹಾಕುವಾಗ ಇದರ ನಿಜ ಬಣ್ಣ ಬಯಲಾಯಿತು. ಕೂದಲೆಳೆಯಷ್ಟು ಒತ್ತಿದರೂ ಗಾಡಿ ಜಿಗಿಯುತ್ತಿತ್ತು. ಸರದಿಯಲ್ಲಿದ್ದವರೆಲ್ಲ ನಿಂತು ನೋಡುತ್ತಿದ್ದರು. ಎರಡು ತಿಂಗಳಿಗೆ ಬಿಚ್ಚಿ 120ಕ್ಕೆ ಮಾರಿದೆ.

ಎರಡನೆಯದು 85 ಡಾಲರ್‌ನ ನಕಲು, 80 ಮಿ.ಮೀ. ಜೋಡಿಸಿದ ದಿನದಿಂದ ಐಡಲಿಂಗ್, ಅಂದರೆ ಪೆಡಲ್ ಒತ್ತದೆ ಇಂಜಿನ್ ತಿರುಗುವ ವೇಗ, 1,400 ಆರ್‌ಪಿಎಂನಿಂದ ಕೆಳಗಿಳಿಯಲಿಲ್ಲ. ಐಡಲಿಂಗ್ ಮಿತಿ ಮೀರಿದೆ ಎನ್ನುವ ಪಿ 0507 ಕೋಡ್ ಬಂತು, ಐಡಲಿಂಗ್‌ಗೆ ಬೇಕಾದಷ್ಟು ಗಾಳಿ ಬಿಡುವ ಐಡಲ್ ಮೋಟಾರ್ ಸೊನ್ನೆಗೆ ಇಳಿದು ಕೂತಿತ್ತು. ಮೂರು ಶನಿವಾರ ವ್ಯಾಕ್ಯೂಮ್ ಸೋರಿಕೆ ಹುಡುಕಿದೆ, ಎರಡು ಗ್ಯಾಸ್ಕೆಟ್ ಹಾಳು ಮಾಡಿದೆ. ಕೊನೆಗೆ ಬಿಚ್ಚಿ, ಒಳಗೆ ತಿರುಗುವ ತಟ್ಟೆಯನ್ನು, ಅಂದರೆ ಬಟರ್‌ಫ್ಲೈಯನ್ನು ಮುಚ್ಚಿ, ಬಿಸಿಲಿಗೆ ಎತ್ತಿ ಹಿಡಿದೆ. ಒಂದು ಪಕ್ಕ ಕತ್ತಲು, ಇನ್ನೊಂದು ಪಕ್ಕ ಬಿದಿಗೆಯ ಚಂದ್ರನಂತೆ ಬೆಳಕಿನ ಗೀರು. ತಟ್ಟೆಯೇ ನಡುವಿಗೆ ಕೂತಿರಲಿಲ್ಲ. ತಟ್ಟೆಯನ್ನು ತಿರುಗಿಸುವ ಸ್ಪಿಂಡಲ್ ಹಿಡಿದು ಅಲ್ಲಾಡಿಸಿದರೆ ಬೆರಳಿಗೇ ಸಡಿಲಾದ ಆಟ ತಿಳಿಯುತ್ತಿತ್ತು. ಅಂದಿನಿಂದ ಯಾವ ಬಾಡಿ ಬಂದರೂ ಪೆಟ್ಟಿಗೆಯಿಂದ ತೆಗೆದ ಕೂಡಲೇ ಮೊದಲು ಬಿಸಿಲಿಗೆ ಹಿಡಿಯುತ್ತೇನೆ.

ನಡುವೆ ಬುದ್ಧಿಗೇಡಿ ಪ್ರಯೋಗಗಳೂ ನಡೆದವು. ಬಾಡಿಗೂ ಮ್ಯಾನಿಫೋಲ್ಡ್‌ಗೂ ನಡುವೆ ಇಡುವ, ಒಳಗೆ ಸುರುಳಿ ಗೆರೆ ಕೊರೆದ ಸ್ಪೇಸರ್ ತರಿಸಿದೆ, 70 ಡಾಲರ್. ಅದು ಕುಕ್ಕರಿನಂತೆ ಸೀಟಿ ಹೊಡೆದದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಇಂಜಿನ್‌ನ ಬಿಸಿ ಕೂಲೆಂಟನ್ನು ಬಾಡಿಯ ಮೂಲಕ ಹರಿಸುವ ಹೋಸನ್ನು ಬೈಪಾಸ್ ಮಾಡಿದರೆ ಒಳಗಿನ ಗಾಳಿ ತಣ್ಣಗಿರುತ್ತದೆ ಎಂದು ಅದನ್ನೂ ಮಾಡಿದೆ. ಓಡುವಾಗಿನ ಗಾಳಿಯ ಉಷ್ಣಾಂಶದಲ್ಲಿ ಸ್ಕ್ಯಾನರ್‌ಗೆ ಕಾಣುವ ವ್ಯತ್ಯಾಸ ಬರಲಿಲ್ಲ. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್ ಹೆಪ್ಪುಗಟ್ಟಿತಲ್ಲ, ಆ ವಾರ ಬಟರ್‌ಫ್ಲೈ ಹಿಮ ಹಿಡಿದು ಅಂಟಿಕೊಂಡಿತು. ಹೋಸ್ ಮರಳಿ ತನ್ನ ಜಾಗ ಸೇರಿತು.

ದಾವಣಗೆರೆಯಲ್ಲಿ ಮೂವತ್ತು ವರ್ಷ ಲಾರಿ ರಿಪೇರಿ ಮಾಡಿದ ಅಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. "ನಮ್ಮ ಡೀಸೆಲ್ ಇಂಜಿನ್‌ಗೆ ಆ ಬಾಗಿಲೇ ಇರಲಿಲ್ಲ. ಗಾಳಿ ತನ್ನ ಪಾಡಿಗೆ ಬರುತ್ತಿತ್ತು, ಪಂಪ್ ಎಣ್ಣೆ ಅಳೆಯುತ್ತಿತ್ತು" ಎಂದರು. ಆಮೇಲೆ ಒಂದು ಪ್ರಶ್ನೆ ಕೇಳಿದರು: "ಬಾಗಿಲು ಅಗಲ ಮಾಡುವ ಮೊದಲು ಓಣಿ ನೋಡಿದೆಯೇನಪ್ಪ?"

ನೋಡಿರಲಿಲ್ಲ. ಮ್ಯಾನಿಫೋಲ್ಡ್ ಒಳಗಿನ ಗಾಳಿಯ ಒತ್ತಡ ಅಳೆಯುವುದು ಮ್ಯಾಪ್ ಸೆನ್ಸರ್. ಇಂಜಿನ್ ಆರಿಸಿ ಕೀ ಮಾತ್ರ ತಿರುಗಿಸಿದಾಗ ಅದು ತೋರಿಸುವುದು ಹೊರಗಿನ ಒತ್ತಡ. ನಮ್ಮಲ್ಲಿ ಅದು 99 ಕಿಲೋಪಾಸ್ಕಲ್. ಮೂಲ ಬಾಡಿ ಹಾಕಿ, ಪೂರ್ತಿ ಪೆಡಲ್ ಒತ್ತಿ 5,500 ಆರ್‌ಪಿಎಂ ಮುಟ್ಟಿದಾಗ 95. ದಾರಿಯಲ್ಲಿ ಎಲ್ಲೋ ನಾಲ್ಕು ಕಿಲೋಪಾಸ್ಕಲ್ ಕಳೆದುಹೋಗುತ್ತಿದೆ. 90ರ ಬಾಡಿ ಇದ್ದಾಗಿನ ಹಳೆಯ ದಾಖಲೆ ತೆಗೆದು ನೋಡಿದರೆ ಅಲ್ಲಿಯೂ 95.5ರಷ್ಟೇ!

ಆಗ ಬಂತು ನೀರಿನ ಕೊಳವೆ. ಫಿಲ್ಟರ್‌ಗೂ ಬಾಡಿಗೂ ನಡುವಿನ ಪೈಪಿಗೆ ಸಣ್ಣ ತೂತು, ಅಲ್ಲಿಂದ ಕ್ಯಾಬಿನ್‌ಗೆ ತೆಳುವಾದ ಕೊಳವೆ, ತುದಿಯಲ್ಲಿ ಯು ಆಕಾರದಲ್ಲಿ ಬಗ್ಗಿಸಿ ಅಳತೆಪಟ್ಟಿಯ ಜೊತೆ ಡ್ಯಾಶ್‌ಬೋರ್ಡ್‌ಗೆ ಅಂಟಿಸಿದೆ. ಹತ್ತು ಸೆಂಟಿಮೀಟರ್ ನೀರು ಎಂದರೆ ಹೆಚ್ಚುಕಡಿಮೆ ಒಂದು ಕಿಲೋಪಾಸ್ಕಲ್. ನೀರು ಕಾಣಲೆಂದು ಕುಂಕುಮ ಕದಡಿದೆ, ತಳಕ್ಕೆ ಕೂತಿತು. ಕೊನೆಗೆ ಕೇಸರಿಬಾತಿಗೆ ಹಾಕುವ ಬಣ್ಣ. ಮೊದಲ ಓಟದಲ್ಲಿ ಕೊಳವೆ ಗಿಡ್ಡವಾಗಿ, ಅರ್ಧ ಚಮಚ ಕೇಸರಿ ನೀರನ್ನು ಇಂಜಿನ್ ಕುಡಿದು ಕೆಮ್ಮಿತು. ಎರಡನೆಯ ಓಟದಲ್ಲಿ ಹೆಂಡತಿ ಪಕ್ಕದಲ್ಲಿ ಕೂತು ಓದಿ ಹೇಳಿದಳು: 25 ಸೆಂಟಿಮೀಟರ್.

ಅಂದರೆ ನಾಲ್ಕರಲ್ಲಿ ಎರಡೂವರೆ ಬಾಗಿಲು ತಲುಪುವ ಮೊದಲೇ ಹೋಗುತ್ತಿತ್ತು! ಹಿಂದಿನ ಮಾಲೀಕ ಹಾಕಿಸಿದ್ದ ರಬ್ಬರ್ ಪೈಪ್ ಜೋರಾಗಿ ಎಳೆದಾಗ ಒಳಗೆ ಕುಸಿಯುತ್ತಿತ್ತು. ಗುಜರಿಯಿಂದ 60 ಡಾಲರ್‌ಗೆ ಗಟ್ಟಿ ಪೈಪ್, ಹೊಸ ಫಿಲ್ಟರ್ ಎರಡೂ ಆದವು. ಕೊಳವೆಯ ಅಳತೆ 8 ಸೆಂಟಿಮೀಟರ್‌ಗೆ ಇಳಿಯಿತು, ಮ್ಯಾಪ್ 96.7ರ ಹತ್ತಿರ ಏರಿತು.

ಉಳಿದದ್ದಕ್ಕೆ 90 ಯಾಕೆ? ಈ ಇಂಜಿನ್ 5,500ರಲ್ಲಿ ನಿಮಿಷಕ್ಕೆ ಸುಮಾರು 12,500 ಲೀಟರ್ ಗಾಳಿ ಎಳೆಯುತ್ತದೆ, ಅಷ್ಟೇ. ಮೂರು ಬೋಲ್ಟಿನ 80 ಮಿ.ಮೀ. ಬಾಡಿಯನ್ನೇ ಮತ್ತೆ ಆರಿಸಿದೆ, ಈ ಸಲ ಒಳ್ಳೆಯ ಎರಕದ್ದು, 190 ಡಾಲರ್. ನೋಡಿದ್ದು ನಾಲ್ಕೇ: ಬಿಸಿಲಿಗೆ ಹಿಡಿದಾಗ ಸುತ್ತಲೂ ಒಂದೇ ಸಮನಾದ ಗೀರು, ಸ್ಪಿಂಡಲ್‌ನಲ್ಲಿ ಆಟವಿಲ್ಲದಿರುವುದು, ಹಳೆಯ ಸೆನ್ಸರ್ ಮತ್ತು ಐಡಲ್ ಮೋಟಾರ್ ಹಾಗೆಯೇ ಕೂರುವುದು, ಕೇಬಲ್ ಸುತ್ತುವ ಚಕ್ರ ಪೂರ್ತಿ ದುಂಡಗಿರದೆ ಮೊದಲ ಒತ್ತಿಗೆ ನಿಧಾನವಾಗಿ ತೆರೆಯುವುದು. ಕೊನೆಯದನ್ನು ಯಾರೂ ನೋಡುವುದಿಲ್ಲ. ಟ್ರೇಲರ್ ಎಳೆಯುವವರಿಗೆ ಅದೇ ಮುಖ್ಯ. ಮ್ಯಾನಿಫೋಲ್ಡ್ ಬಾಯಿಯನ್ನು ಹೇಗೆ ಉಜ್ಜಿ ಹೊಂದಿಸಿದೆ, ಬಟರ್‌ಫ್ಲೈಯ ತೂತನ್ನು ಎಷ್ಟು ದೊಡ್ಡದು ಮಾಡಿದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಆ ಎರಡಕ್ಕೆ ನಾಲ್ಕು ಭಾನುವಾರ ಕಳೆದಿದ್ದೇನೆ.

ಈಗ ಪೂರ್ತಿ ಪೆಡಲ್‌ಗೆ ಮ್ಯಾಪ್ 97.5. ಐಡಲಿಂಗ್ 650ರಲ್ಲಿ ಕದಲುವುದಿಲ್ಲ. ದೋಣಿ ಕಟ್ಟಿಕೊಂಡು 40ರಿಂದ 60 ಮೈಲಿ ವೇಗಕ್ಕೆ ಮೊದಲಿಗಿಂತ ಒಂದು ಸೆಕೆಂಡ್ ಬೇಗ ತಲುಪುತ್ತೇನೆ. ಅದರಲ್ಲಿ ಮುಕ್ಕಾಲು ಪಾಲು ಪೈಪಿನದೇ ಇರಬೇಕು. ಮೈಲೇಜ್ ಮೊದಲೂ ಗ್ಯಾಲನ್‌ಗೆ 14, ಈಗಲೂ 14. ದಂಡವಾದದ್ದು ನನ್ನ ಲೆಕ್ಕದಲ್ಲಿ ಸುಮಾರು 300 ಡಾಲರ್, ಹೆಂಡತಿಯ ಲೆಕ್ಕದಲ್ಲಿ 500.

ಕೊಳವೆ ಒಯ್ದವನದು 2003ರ ಗಾಡಿ. ಅಲ್ಲಿಂದಾಚೆಗೆ ಈ ಇಂಜಿನ್‌ಗೆ ಕೇಬಲ್ ಇಲ್ಲ, ಮೋಟಾರೇ ಬಟರ್‌ಫ್ಲೈ ತಿರುಗಿಸುತ್ತದೆ. ಅಂಥವರು ಅಳತೆಯನ್ನು ನನ್ನ ಹಾಗೆಯೇ ಮಾಡಬಹುದು, ಬಾಡಿಯನ್ನು ಮಾತ್ರ ನನ್ನದನ್ನು ನೋಡಿ ಕೊಳ್ಳಬಾರದು.