ನಮ್ಮೂರ ಬಸ್ಸಿನ ಬಗ್ಗೆ ನಿಗಮಕ್ಕೆ ಸಲಹೆ ಕೊಡುವುದು ಹೇಗೆ?

ಬೆಳಗಿನ ಬಸ್ಸು ತುಂಬಿ ಬಂದು ನಿಲ್ಲಿಸದೆ ಹೋಗುತ್ತದೆ, ಸಂಜೆ ಏಳರ ನಂತರ ಊರಿಗೆ ಬಸ್ಸೇ ಇಲ್ಲ, ಕಾಲೇಜು ಬಿಡುವ ಹತ್ತು ನಿಮಿಷ ಮೊದಲೇ ಬಸ್ಸು ಹೊರಟುಬಿಡುತ್ತದೆ ಎಂಬ ಮಾತುಗಳು ಕರ್ನಾಟಕದ ಯಾವ ತಂಗುದಾಣದಲ್ಲಿ ನಿಂತರೂ ಕಿವಿಗೆ ಬೀಳುತ್ತವೆ. ಅವುಗಳಲ್ಲಿ ಬಹುಪಾಲು ಅಲ್ಲಿಯೇ ಆಡಿ ಮುಗಿದುಹೋಗುತ್ತವೆ. ಕಾಗದಕ್ಕೆ ಇಳಿದವುಗಳಲ್ಲಿಯೂ ಹೆಚ್ಚಿನವು ‘ಹೆಚ್ಚುವರಿ ಬಸ್ ಬಿಡಿ’ ಎಂಬ ಒಂದು ಸಾಲಿನ ಬೇಡಿಕೆಯಾಗಿರುವುದರಿಂದ, ವಾಹನ ಮತ್ತು ಸಿಬ್ಬಂದಿಯ ಕೊರತೆಯಿಂದ ಸದ್ಯಕ್ಕೆ ಸಾಧ್ಯವಿಲ್ಲ ಎಂಬ ಹಿಂಬರಹದಲ್ಲಿ ಕೊನೆಗೊಳ್ಳುತ್ತವೆ. ಕಚೇರಿಯಲ್ಲಿ ಕುಳಿತವರ ಕಣ್ಣಿಗೆ ಬೀಳದ, ಆದರೆ ಪ್ರಯಾಣಿಕರು ದಿನವೂ ನೋಡುವ ಸಂಗತಿಯನ್ನು ಲೆಕ್ಕದ ಸಮೇತ, ಅದನ್ನು ತೀರ್ಮಾನಿಸುವ ಅಧಿಕಾರಿಯ ಮುಂದೆ ಇಟ್ಟಾಗಲೇ ಬೇಡಿಕೆಗೆ ಸಲಹೆಯ ತೂಕ ಬರುತ್ತದೆ.

ಇದಕ್ಕೆ ಕಾನೂನಿನ ಆಧಾರವೂ ಇದೆ. ನಮ್ಮ ಸಾರಿಗೆ ನಿಗಮಗಳು ನಡೆಯುವುದು 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ ಅಡಿಯಲ್ಲಿ. ದಕ್ಷವಾದ, ಸಾಕಷ್ಟು ಪ್ರಮಾಣದ, ಮಿತವ್ಯಯದ ಮತ್ತು ಪರಸ್ಪರ ಹೊಂದಾಣಿಕೆಯಿರುವ ಸಾರಿಗೆ ಸೇವೆಯನ್ನು ಹಂತಹಂತವಾಗಿ ಒದಗಿಸುವುದು ನಿಗಮದ ಕರ್ತವ್ಯ ಎಂದು ಅದರ 18ನೇ ಕಲಮು ಹೇಳುತ್ತದೆ. ನಿಗಮಕ್ಕೆ ಸಲಹೆ ನೀಡಲು ರಾಜ್ಯ ಸರ್ಕಾರವು ಸಲಹಾ ಮಂಡಳಿಗಳನ್ನು ರಚಿಸಬಹುದು ಎಂದು 17ನೇ ಕಲಮು ಹೇಳುತ್ತದೆ. ಹೊರಗಿನವರ ಸಲಹೆಗೆ ಕಾಯ್ದೆಯೇ ಜಾಗ ಮಾಡಿಕೊಟ್ಟಿರುವುದರಿಂದ, ಅರ್ಜಿ ಹಿಡಿದು ಡಿಪೊ ಬಾಗಿಲಿಗೆ ಹೋಗುವವರು ಅಳುಕಬೇಕಾದ ಕಾರಣವಿಲ್ಲ.

ಮೊದಲು: ಯಾವುದು ಯಾರ ಕೈಯಲ್ಲಿದೆ ಎಂದು ತಿಳಿಯುವುದು

ಬೆಂಗಳೂರು ಮಹಾನಗರದ ಬಸ್ಸುಗಳು ಬಿಎಂಟಿಸಿಯವು. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ವಾಯವ್ಯ ಸಾರಿಗೆ, ಕಲಬುರಗಿಯಲ್ಲಿ ಕೇಂದ್ರ ಕಚೇರಿಯಿರುವ ಕಲ್ಯಾಣ ಕರ್ನಾಟಕ ಸಾರಿಗೆ ಮತ್ತು ಉಳಿದ ಜಿಲ್ಲೆಗಳಿಗೆ ಕೆಎಸ್‌ಆರ್‌ಟಿಸಿ ಇವೆ. ಒಂದು ಬಸ್ಸು ಎಷ್ಟು ಗಂಟೆಗೆ ಹೊರಡಬೇಕು, ಎಷ್ಟು ಸುತ್ತುವಳಿ (ಟ್ರಿಪ್) ಮಾಡಬೇಕು ಎಂಬ ವಿಚಾರ ಘಟಕ ವ್ಯವಸ್ಥಾಪಕರಿಂದ, ಅಂದರೆ ಡಿಪೊ ಮ್ಯಾನೇಜರ್ ಅವರಿಂದ ಆರಂಭವಾಗಿ ವಿಭಾಗೀಯ ಸಂಚಾರ ಅಧಿಕಾರಿ ಮತ್ತು ವಿಭಾಗೀಯ ನಿಯಂತ್ರಣಾಧಿಕಾರಿಯವರೆಗೆ ಹೋಗುತ್ತದೆ. ಬೆಂಗಳೂರಿನಲ್ಲಾದರೆ ಹೊಸ ಮಾರ್ಗದಂಥ ದೊಡ್ಡ ಬದಲಾವಣೆಯ ಸಲಹೆಯ ಪ್ರತಿಯನ್ನು ಶಾಂತಿನಗರದ ಕೇಂದ್ರ ಕಚೇರಿಯ ಸಂಚಾರ ಇಲಾಖೆಗೂ ಕಳುಹಿಸಬೇಕು.

ಪ್ರಯಾಣ ದರ ಮಾತ್ರ ಇವರಾರ ಕೈಯಲ್ಲೂ ಇಲ್ಲ. 2025ರ ಜನವರಿ 5ರಿಂದ ಜಾರಿಗೆ ಬಂದ ಶೇ 15ರಷ್ಟು ದರ ಏರಿಕೆ ರಾಜ್ಯ ಸಚಿವ ಸಂಪುಟದ ತೀರ್ಮಾನವಾಗಿತ್ತು. ಅದರ ಬಗ್ಗೆ ಡಿಪೊಗೆ ಬರೆದರೆ ಪತ್ರವೂ ವ್ಯರ್ಥ, ಅದೇ ಪತ್ರದಲ್ಲಿರುವ ವೇಳಾಪಟ್ಟಿಯ ಸಲಹೆಯೂ ಅದರ ಜೊತೆಗೆ ಮುಳುಗುತ್ತದೆ. ತಂಗುದಾಣದ ಚಾವಣಿ, ಬೆಂಚು, ದೀಪ ಸಾಮಾನ್ಯವಾಗಿ ನಗರ ಸಂಸ್ಥೆ ಅಥವಾ ಗ್ರಾಮ ಪಂಚಾಯಿತಿಯ ಹೊಣೆ. ನಗರಗಳಲ್ಲಿ ಬಸ್ಸು ಯಾವ ಜಾಗದಲ್ಲಿ ನಿಲ್ಲಬೇಕು ಎಂಬುದರಲ್ಲಿ ಸಂಚಾರ ಪೊಲೀಸರ ಮಾತೂ ಸೇರಿರುತ್ತದೆ.

ಮಂಗಳೂರು ಮತ್ತು ಉಡುಪಿಯ ಓದುಗರ ಸ್ಥಿತಿ ಬೇರೆ. ಅಲ್ಲಿ ನಗರ ಸಾರಿಗೆಯ ಬಹುಭಾಗ ಖಾಸಗಿ ಬಸ್ಸುಗಳದ್ದು. ಅವುಗಳ ಮಾರ್ಗವನ್ನೂ ವೇಳೆಯನ್ನೂ ನಿಗದಿಪಡಿಸುವ ಪರವಾನಗಿ ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು, ಪ್ರಾದೇಶಿಕ ಸಾರಿಗೆ ಅಧಿಕಾರಿ ಅದರ ಕಾರ್ಯದರ್ಶಿ. ಪರವಾನಗಿಯಲ್ಲಿರುವ ಕೊನೆಯ ಸುತ್ತುವಳಿಯನ್ನು ಬಸ್ಸಿನವರು ರಾತ್ರಿ ಬಿಟ್ಟುಬಿಡುತ್ತಿದ್ದರೆ, ಆ ಬಸ್ಸಿನ ನೋಂದಣಿ ಸಂಖ್ಯೆ ಮತ್ತು ದಿನಾಂಕಗಳ ಸಮೇತ ಬರೆಯಬೇಕಾದದ್ದು ಈ ಪ್ರಾಧಿಕಾರಕ್ಕೆ.

ಎರಡನೆಯದು: ಎರಡು ವಾರ ನಿಂತು ಎಣಿಸುವುದು

ಇಡೀ ಕೆಲಸದಲ್ಲಿ ಹೆಚ್ಚು ಶ್ರಮ ಬೇಡುವ, ಹೆಚ್ಚು ಫಲ ಕೊಡುವ ಭಾಗ ಇದು. ‘ಬಸ್ಸು ಯಾವಾಗಲೂ ತುಂಬಿರುತ್ತದೆ’ ಎಂದು ಬರೆದರೆ ಅಧಿಕಾರಿ ಒಪ್ಪಲೂಬಹುದು, ಅಲ್ಲಗಳೆಯಲೂಬಹುದು. ದಿನಾಂಕ, ವೇಳೆ ಮತ್ತು ಸಂಖ್ಯೆಯಿರುವ ಪಟ್ಟಿಯನ್ನು ಪರಿಶೀಲಿಸದೆ ಪಕ್ಕಕ್ಕಿಡುವುದು ಕಷ್ಟ.

ಒಂದು ನೋಟ್‌ಪುಸ್ತಕದಲ್ಲಿ ಐದು ಅಂಕಣ ಸಾಕು: ಬಸ್ಸು ಬರಬೇಕಾದ ವೇಳೆ, ಬಂದ ವೇಳೆ, ಬಸ್ಸಿನ ಮಾರ್ಗಸಂಖ್ಯೆ ಅಥವಾ ಬೋರ್ಡು, ಹತ್ತಿದವರು, ಹತ್ತಲಾಗದೆ ಉಳಿದವರು. ಐದನೆಯ ಅಂಕಣವೇ ಎಲ್ಲಕ್ಕಿಂತ ಮುಖ್ಯವಾದದ್ದು, ಏಕೆಂದರೆ ನಿಗಮದ ಯಾವ ದಾಖಲೆಯಲ್ಲಿಯೂ ಅದು ಸಿಗುವುದಿಲ್ಲ. ನಿರ್ವಾಹಕರ ಟಿಕೆಟ್ ಯಂತ್ರ ಹತ್ತಿದವರನ್ನು ಮಾತ್ರ ಬಲ್ಲದು; ರಸ್ತೆಬದಿಯಲ್ಲಿ ಉಳಿದು, ಕೊನೆಗೆ ಆಟೊ ಹಿಡಿದವರ ಅಥವಾ ತರಗತಿ ತಪ್ಪಿಸಿಕೊಂಡವರ ಸುದ್ದಿ ಅದಕ್ಕೆ ತಿಳಿಯದು. ಕನಿಷ್ಠ ಎರಡು ವಾರ ಎಣಿಸಬೇಕು. ಸಂತೆಯ ದಿನ, ಸೋಮವಾರ, ಶನಿವಾರ, ಪರೀಕ್ಷೆಯ ದಿನಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು. ಜಾತ್ರೆಯ ದಿನದ ಜನಸಂದಣಿಯನ್ನು ಸಾಮಾನ್ಯ ದಿನದ್ದೆಂದು ತೋರಿಸಿದರೆ ಪಟ್ಟಿಯ ಮೇಲಿನ ವಿಶ್ವಾಸವೇ ಹೋಗುತ್ತದೆ. ಒಬ್ಬರೇ ಎಣಿಸುವುದು ಕಷ್ಟವಾದ್ದರಿಂದ ಕಾಲೇಜು ವಿದ್ಯಾರ್ಥಿಗಳು, ಸ್ವಸಹಾಯ ಸಂಘದ ಮಹಿಳೆಯರು, ತಂಗುದಾಣದ ಪಕ್ಕದ ಅಂಗಡಿಯವರು ಪಾಳಿ ಹಂಚಿಕೊಳ್ಳುವುದು ಒಳ್ಳೆಯದು.

ಟಿಕೆಟ್ ಲೆಕ್ಕದ ಎರಡು ಸೂಕ್ಷ್ಮಗಳನ್ನು ಇಲ್ಲಿ ಹೇಳಲೇಬೇಕು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಕೊಡುವ ಶೂನ್ಯ ದರದ ಟಿಕೆಟ್ಟು ಪ್ರಯಾಣದ ದಾಖಲೆಯೂ ಹೌದು, ಸರ್ಕಾರದಿಂದ ನಿಗಮಕ್ಕೆ ಬರಬೇಕಾದ ಹಣದ ಆಧಾರವೂ ಹೌದು. ಹಣ ಕೊಡುವುದಿಲ್ಲವಲ್ಲ ಎಂದು ಟಿಕೆಟ್ ಕೇಳದೆ ಕುಳಿತುಕೊಂಡರೆ ಆ ಪ್ರಯಾಣ ಲೆಕ್ಕದಿಂದಲೇ ಹೊರಗುಳಿಯುತ್ತದೆ. ಆದ್ದರಿಂದ ಊರಿನ ಹೆಣ್ಣುಮಕ್ಕಳು ಶೂನ್ಯ ಟಿಕೆಟ್ಟನ್ನು ತಪ್ಪದೆ ಕೇಳಿ ಪಡೆಯಬೇಕು. ಇನ್ನು, ಪಾಸ್ ಇರುವ ವಿದ್ಯಾರ್ಥಿಗಳು ಸುತ್ತುವಳಿಗೊಂದು ಟಿಕೆಟ್ ಕೊಳ್ಳುವುದಿಲ್ಲ. ಹೀಗಾಗಿ ವಿದ್ಯಾರ್ಥಿಗಳಿಂದ ಕಿಕ್ಕಿರಿದ ಬೆಳಗಿನ ಸುತ್ತುವಳಿಯ ಆದಾಯ ಕಾಗದದ ಮೇಲೆ ಕಡಿಮೆಯಾಗಿಯೇ ಕಾಣುತ್ತದೆ. ಎಣಿಸುವಾಗ ಪಾಸಿನವರನ್ನು ಬೇರೆಯಾಗಿ ಗುರುತಿಸಿಕೊಂಡರೆ, ಆದಾಯವಿಲ್ಲವೆಂದು ಸುತ್ತುವಳಿ ರದ್ದುಪಡಿಸುವ ಪ್ರಸ್ತಾವ ಬಂದಾಗ ಉತ್ತರ ಕೈಯಲ್ಲಿರುತ್ತದೆ.

ಎಣಿಕೆಯ ಜೊತೆಗೆ ಅರ್ಜಿ ಬರೆಯಲಾರದವರನ್ನೂ ಹೋಗಿ ಕೇಳಬೇಕು. ನಸುಕಿನಲ್ಲಿ ಕೆಲಸಕ್ಕೆ ಹೊರಡುವ ಪೌರಕಾರ್ಮಿಕರು, ಪೀಣ್ಯದ ಗಾರ್ಮೆಂಟ್ಸ್ ಪಾಳಿ ಮುಗಿಸಿ ಕತ್ತಲಲ್ಲಿ ಬಸ್ಸಿಗೆ ಕಾಯುವ ಹೆಣ್ಣುಮಕ್ಕಳು, ಡಯಾಲಿಸಿಸ್‌ಗೆಂದು ವಾರಕ್ಕೆ ಎರಡು ಮೂರು ಸಲ ಜಿಲ್ಲಾ ಆಸ್ಪತ್ರೆಗೆ ಹೋಗುವವರು, ಗಾಲಿಕುರ್ಚಿ ಬಳಸುವವರು ಸಭೆಗಳಿಗೆ ಬರುವುದು ವಿರಳ. ಅವರ ಮಾತು ಇಲ್ಲದ ಸಲಹಾಪತ್ರವು ಬಿಡುವಿರುವವರ ಅನುಕೂಲವನ್ನಷ್ಟೇ ಹೇಳುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಅಂಥ ಪತ್ರ ಅಪೂರ್ಣವಾದದ್ದು. ಸಾರಿಗೆ ವ್ಯವಸ್ಥೆ ಅಂಗವಿಕಲರಿಗೂ ಎಟುಕುವಂತಿರಬೇಕು ಎಂಬುದಕ್ಕೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 41ನೇ ಕಲಮಿನ ಬೆಂಬಲವಿದೆ. ಪತ್ರದಲ್ಲಿ ಅದನ್ನು ಉಲ್ಲೇಖಿಸಬಹುದು.

ಮೂರನೆಯದು: ಅನುಸೂಚಿಯ ಒಳಗೆ ನೋಡುವುದು

ಒಂದು ಬಸ್ಸು ಮತ್ತು ಅದರ ಸಿಬ್ಬಂದಿಯ ಒಂದು ಪಾಳಿಯ ಓಡಾಟವನ್ನು ನಿಗಮದಲ್ಲಿ ಅನುಸೂಚಿ ಅಥವಾ ಶೆಡ್ಯೂಲ್ ಎನ್ನುತ್ತಾರೆ. ನಿಮ್ಮ ಊರಿಗೆ ಬರುವ ಬಸ್ಸು ಅದೇ ಪಾಳಿಯಲ್ಲಿ ಇನ್ನೂ ನಾಲ್ಕು ಊರುಗಳಿಗೆ ಹೋಗುತ್ತಿರಬಹುದು. ನಿಮಗಾಗಿ ಅರ್ಧ ಗಂಟೆ ಹಿಂದಕ್ಕೆ ಸರಿಸಿದರೆ ಆ ನಾಲ್ಕೂ ಊರುಗಳ ವೇಳೆ ಸರಿಯುತ್ತದೆ. ಆದ್ದರಿಂದ ಪತ್ರ ಬರೆಯುವ ಮೊದಲು ಆ ಬಸ್ಸು ಎಲ್ಲಿಂದ ಬರುತ್ತದೆ, ನಂತರ ಎಲ್ಲಿಗೆ ಹೋಗುತ್ತದೆ, ತಾಲ್ಲೂಕು ನಿಲ್ದಾಣದಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನಿಲ್ದಾಣದ ಸಂಚಾರ ನಿಯಂತ್ರಕರನ್ನೂ ಚಾಲಕ, ನಿರ್ವಾಹಕರನ್ನೂ ಗೌರವದಿಂದ ಕೇಳಿ ತಿಳಿಯಬೇಕು. ಮಾರ್ಗದ ಕಷ್ಟಸುಖ ಅವರಷ್ಟು ಬಲ್ಲವರು ಬೇರೆ ಯಾರೂ ಇಲ್ಲ.

ಸಿಬ್ಬಂದಿಗೂ ಮಿತಿಗಳಿವೆ. ಕಾರ್ಮಿಕ ಕಾನೂನು ಅವರ ಕೆಲಸದ ಗಂಟೆಗಳಿಗೆ ಮಿತಿ ಹಾಕಿದೆ; 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ಅದು ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆಯಾಗಿತ್ತು. ಬೆಳಿಗ್ಗೆ ಆರಕ್ಕೆ ಹಳ್ಳಿಯಿಂದ ಬಸ್ಸು ಹೊರಡಬೇಕೆಂದರೆ ಅದು ಹಿಂದಿನ ರಾತ್ರಿಯೇ ಬಂದು ತಂಗಬೇಕು, ಅಂದರೆ ವಸ್ತಿ ಬಸ್ಸಾಗಬೇಕು. ಚಾಲಕ ಮತ್ತು ನಿರ್ವಾಹಕರು ಬಸ್ಸಿನೊಳಗೇ ಮಲಗಿ, ಶೌಚಕ್ಕೆ ಬಯಲಿಗೆ ಹೋಗಬೇಕಾದ ಊರಿಗೆ ವಸ್ತಿ ಬಸ್ಸು ಕೇಳುವ ಮೊದಲು ಒಂದು ಕೋಣೆ, ನೀರು, ಶೌಚಾಲಯ ಒದಗಿಸುವುದಾಗಿ ಗ್ರಾಮ ಪಂಚಾಯಿತಿಯಿಂದ ನಿರ್ಣಯ ಮಾಡಿಸಿಕೊಳ್ಳುವುದು ನ್ಯಾಯವೂ ಹೌದು, ಬೇಡಿಕೆಗೆ ಬಲವೂ ಹೌದು. ಹೊಸ ಮಾರ್ಗವಾದರೆ ಬಸ್ಸು ತಿರುಗಿಸಲು ಜಾಗವಿದೆಯೇ, ಜೋತುಬಿದ್ದ ವಿದ್ಯುತ್ ತಂತಿ ಇದೆಯೇ, ಹಳ್ಳದ ಸೇತುವೆ ಗಟ್ಟಿಯಾಗಿದೆಯೇ ಎಂಬುದನ್ನೂ ನೋಡಿ ಬರೆಯಬೇಕು. ಮಾರ್ಗ ಪರಿಶೀಲನೆಗೆ ಬರುವ ಅಧಿಕಾರಿ ನೋಡುವುದು ಇವನ್ನೇ.

ಸಾಧ್ಯವಾದಷ್ಟೂ ಹೊಸ ಬಸ್ಸಿಲ್ಲದೆ ಆಗುವ ಬದಲಾವಣೆಯನ್ನು ಮೊದಲು ಸೂಚಿಸಿ. ಇರುವ ಸುತ್ತುವಳಿಯ ವೇಳೆ ಹಿಂದುಮುಂದು ಮಾಡುವುದು, ಪಕ್ಕದ ಊರಿಗೆ ಬಂದು ಹಿಂದಿರುಗುವ ಬಸ್ಸನ್ನು ನಿಮ್ಮೂರಿನವರೆಗೆ ವಿಸ್ತರಿಸುವುದು, ಮುಂದೆ ಹೋಗುವ ಬಸ್ಸಿಗೆ ಕೋರಿಕೆ ನಿಲುಗಡೆ ಕೊಡುವುದು, ಒಂದರ ಹಿಂದೊಂದು ಬರುವ ಎರಡು ಬಸ್ಸುಗಳ ನಡುವೆ ಅಂತರ ಇಡುವುದು ಇಂಥವು. ವಿಸ್ತರಣೆಯಾದರೆ ಕಿಲೋಮೀಟರಿನ ಲೆಕ್ಕವನ್ನೂ ಕೊಡಬೇಕು. ಊರು 4 ಕಿ.ಮೀ. ದೂರವಿದ್ದರೆ ಪ್ರತಿ ಸುತ್ತುವಳಿಗೆ ಹೋಗಿಬರುವ 8 ಕಿ.ಮೀ. ಹೆಚ್ಚುತ್ತದೆ. ಪ್ರತಿ ಕಿಲೋಮೀಟರಿಗೆ ಬರುವ ಆದಾಯವನ್ನು ನೋಡಿಯೇ ನಿಗಮ ಮಾರ್ಗದ ಸ್ಥಿತಿಯನ್ನು ಅಳೆಯುವುದರಿಂದ, ಆ 8 ಕಿ.ಮೀ.ಗೆ ಎಷ್ಟು ಹೊಸ ಪ್ರಯಾಣಿಕರು ಬರುತ್ತಾರೆಂದು ನಿಮ್ಮ ಎಣಿಕೆ ತೋರಿಸಬೇಕು.

ನಾಲ್ಕನೆಯದು: ಪತ್ರ ಬರೆಯುವುದು

ಒಂದು ಪತ್ರಕ್ಕೆ ಒಂದೇ ವಿಷಯ, ಉದ್ದ ಒಂದು ಪುಟ, ಎಣಿಕೆಯ ಪಟ್ಟಿ ಅಡಕದಲ್ಲಿ. ನಿರ್ವಾಹಕರ ವರ್ತನೆಯ ಮೇಲಿನ ದೂರನ್ನು ಇದರಲ್ಲಿ ಬೆರೆಸಬಾರದು. ಅಂಥ ದೂರನ್ನು ಬಸ್ಸಿನ ಸಂಖ್ಯೆ, ವೇಳೆ ಮತ್ತು ಟಿಕೆಟ್ಟಿನ ಪ್ರತಿಯೊಂದಿಗೆ ಬೇರೆಯಾಗಿ ಕೊಡಬೇಕು. ವಿಷಯದ ಸಾಲು ಸ್ಪಷ್ಟವಾಗಿದ್ದರೆ ಕಡತ ಸರಿಯಾದ ಶಾಖೆಗೆ ಹೋಗುತ್ತದೆ. ಮಾದರಿಗಾಗಿ, ಊರು ಮತ್ತು ಅಂಕಿಗಳನ್ನು ಕಲ್ಪಿಸಿಕೊಂಡು ಬರೆದ ಒಂದು ಒಕ್ಕಣೆ ಹೀಗಿದೆ:

‘ಮಾನ್ಯರೇ, ತಾಲ್ಲೂಕು ಕೇಂದ್ರದಿಂದ ಸಂಜೆ 4.10ಕ್ಕೆ ನಮ್ಮೂರಿಗೆ ಹೊರಡುವ ಬಸ್ಸನ್ನು 4.35ಕ್ಕೆ ಬದಲಾಯಿಸಬೇಕೆಂದು ಕೋರುತ್ತೇವೆ. ಪದವಿಪೂರ್ವ ಕಾಲೇಜು 4.15ಕ್ಕೆ ಬಿಡುತ್ತದೆ. ಎರಡು ವಾರಗಳ ಎಣಿಕೆಯಂತೆ ದಿನಕ್ಕೆ ಸರಾಸರಿ 38 ವಿದ್ಯಾರ್ಥಿಗಳು ಈ ಬಸ್ಸು ತಪ್ಪಿ 6.30ರವರೆಗೆ ಕಾಯುತ್ತಾರೆ, 4.10ರ ಬಸ್ಸಿನಲ್ಲಿ ಸರಾಸರಿ 14 ಮಂದಿ ಮಾತ್ರ ಪ್ರಯಾಣಿಸುತ್ತಾರೆ. ನಮ್ಮೂರಿನಿಂದ ಹಿಂದಿರುಗುವ ಮೊದಲು ಬಸ್ಸು 35 ನಿಮಿಷ ನಿಲ್ಲುವುದರಿಂದ ಮುಂದಿನ ಸುತ್ತುವಳಿಗೆ ತೊಂದರೆಯಾಗದೆಂದು ಭಾವಿಸಿದ್ದೇವೆ. ಒಂದು ತಿಂಗಳು ಪ್ರಾಯೋಗಿಕವಾಗಿ ನಡೆಸಿ ಪರಿಶೀಲಿಸಬೇಕೆಂದು ವಿನಂತಿ.’

ಕೊನೆಯ ವಾಕ್ಯ ಮುಖ್ಯವಾದದ್ದು. ಕಾಯಂ ಬದಲಾವಣೆಗೆ ಹಿಂಜರಿಯುವ ಅಧಿಕಾರಿಗೂ ಒಂದು ತಿಂಗಳ ಪ್ರಯೋಗಕ್ಕೆ ಒಪ್ಪುವುದು ಸುಲಭ. ಆ 14 ಮಂದಿಯ ಜೊತೆ ಮೊದಲೇ ಮಾತನಾಡಿರಬೇಕೆಂಬುದನ್ನೂ ಮರೆಯಬಾರದು. ಇಲ್ಲವಾದರೆ ಮರುವಾರವೇ ಅವರ ಪ್ರತಿಅರ್ಜಿ ಬರುತ್ತದೆ, ಮತ್ತು ಅದರಲ್ಲಿ ನ್ಯಾಯವೂ ಇರುತ್ತದೆ.

ಐದನೆಯದು: ಕೊಡುವುದು, ಸಭೆಗೆ ಒಯ್ಯುವುದು

ಪತ್ರದ ಎರಡು ಪ್ರತಿ ಒಯ್ದು ಒಂದರ ಮೇಲೆ ಮೊಹರು ಮತ್ತು ದಿನಾಂಕದ ಸಮೇತ ಸ್ವೀಕೃತಿ ಪಡೆಯಬೇಕು. ಸಾಧ್ಯವಾದರೆ ಅನುಭವವಿರುವ ಇಬ್ಬರು ಮೂವರು, ಒಬ್ಬ ವಿದ್ಯಾರ್ಥಿನಿಯೂ ಸೇರಿದಂತೆ, ಘಟಕ ವ್ಯವಸ್ಥಾಪಕರನ್ನು ಮುಖತಃ ಕಾಣಬೇಕು. ಆನಂತರ ಅದೇ ಪತ್ರವನ್ನು ಸಭೆಗಳಿಗೆ ಒಯ್ಯಬೇಕು. ಗ್ರಾಮಸಭೆ ಕನಿಷ್ಠ ಆರು ತಿಂಗಳಿಗೊಮ್ಮೆ ನಡೆಯಬೇಕೆಂಬುದು ಕಾನೂನು. ಅಲ್ಲಿ ನಿರ್ಣಯವಾದರೆ ಬೇಡಿಕೆ ಊರಿನದಾಗುತ್ತದೆ. ತಾಲ್ಲೂಕು ಮಟ್ಟದ ಕೆಡಿಪಿ ಸಭೆಯಲ್ಲಿ, ಅಂದರೆ ಇಲಾಖೆಗಳ ಪ್ರಗತಿ ಪರಿಶೀಲನಾ ಸಭೆಯಲ್ಲಿ, ಶಾಸಕರ ಮುಂದೆ ಸಾರಿಗೆ ಘಟಕದವರೂ ತಮ್ಮ ಇಲಾಖೆಯ ವರದಿ ಕೊಡುವುದರಿಂದ, ಸಭೆಗೆ ಮುಂಚೆ ಶಾಸಕರ ಕಚೇರಿಗೆ ಪ್ರತಿ ತಲುಪಿಸಿ ವಿಷಯ ಪ್ರಸ್ತಾಪಿಸುವಂತೆ ಕೋರಬಹುದು. ನಗರಗಳಲ್ಲಿ ವಾರ್ಡ್ ಸಮಿತಿ ಸಭೆ ನಡೆಯುತ್ತಿರುವ ಕಡೆ ತಂಗುದಾಣ, ಪಾದಚಾರಿ ಮಾರ್ಗ, ಬೀದಿದೀಪದ ವಿಚಾರಗಳನ್ನು ಅಲ್ಲಿಯೇ ಎತ್ತಬೇಕು. ನಿಲುಗಡೆಯ ಜಾಗ ಅಪಾಯಕಾರಿಯಾಗಿದ್ದರೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಬರೆಯಬಹುದು.

ಆರನೆಯದು: ಉತ್ತರ ಬಾರದಿದ್ದರೆ

ತಿಂಗಳಾದರೂ ಸುದ್ದಿಯಿಲ್ಲದಿದ್ದರೆ ಸ್ವೀಕೃತಿಯ ದಿನಾಂಕ ಹಾಕಿ ನೆನಪೋಲೆ ಬರೆಯಿರಿ, ಪ್ರತಿಯನ್ನು ವಿಭಾಗೀಯ ನಿಯಂತ್ರಣಾಧಿಕಾರಿಗೆ ಕಳುಹಿಸಿ. ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ರಲ್ಲಿಯೂ ವಿಷಯ ದಾಖಲಿಸಬಹುದು.

ಇದರಾಚೆಗೆ ಇರುವುದು 2005ರ ಮಾಹಿತಿ ಹಕ್ಕು ಕಾಯ್ದೆ. ಕರ್ನಾಟಕದ ನಿಯಮಗಳಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು, ಶುಲ್ಕ 10 ರೂಪಾಯಿ. ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ಬರಬೇಕು. ನಿಮ್ಮ ಪತ್ರದ ಮೇಲೆ ಆಗಿರುವ ಕ್ರಮ, ಕಡತದ ಟಿಪ್ಪಣಿಯ ಪ್ರತಿ, ಆ ಅನುಸೂಚಿಯಲ್ಲಿ ಕಳೆದ ಮೂರು ತಿಂಗಳಲ್ಲಿ ರದ್ದಾದ ಸುತ್ತುವಳಿಗಳ ಸಂಖ್ಯೆ ಇಷ್ಟನ್ನು ಕೇಳಿದರೆ ಸಾಕು. ಇದೇ ಕಾಯ್ದೆಯ 4(1)(ಬಿ) ಕಲಮಿನ ಏಳು ಮತ್ತು ಎಂಟನೆಯ ಅಂಶಗಳು ನಾಗರಿಕ ಸಲಹೆಯ ದೃಷ್ಟಿಯಿಂದ ಬಹಳ ಬೆಲೆಯುಳ್ಳವು. ನೀತಿ ರೂಪಿಸುವಾಗ ಅಥವಾ ಜಾರಿ ಮಾಡುವಾಗ ಸಾರ್ವಜನಿಕರೊಂದಿಗೆ ಸಮಾಲೋಚಿಸುವ ಏರ್ಪಾಡು ಏನಿದೆ, ಸಲಹೆಗಾಗಿ ಯಾವ ಮಂಡಳಿ ಅಥವಾ ಸಮಿತಿಗಳಿವೆ, ಅವುಗಳ ಸಭೆ ಸಾರ್ವಜನಿಕರಿಗೆ ತೆರೆದಿದೆಯೇ, ನಡಾವಳಿ ದೊರೆಯುತ್ತದೆಯೇ ಎಂಬುದನ್ನು ಯಾರೂ ಕೇಳದಿದ್ದರೂ ಪ್ರತಿಯೊಂದು ಸಾರ್ವಜನಿಕ ಸಂಸ್ಥೆ ತಾನಾಗಿ ಪ್ರಕಟಿಸಬೇಕು ಎಂದು ಅವು ಹೇಳುತ್ತವೆ. ನಿಮ್ಮ ವಿಭಾಗದಲ್ಲಿ ಪ್ರಯಾಣಿಕರನ್ನು ಒಳಗೊಂಡ ಸಮಿತಿ ಇದೆಯೇ ಎಂದು ಬರಹದಲ್ಲಿ ಕೇಳಿ. ಇದ್ದರೆ ಮುಂದಿನ ಸಭೆಯ ದಿನಾಂಕ ಕೇಳಿ. ಇಲ್ಲದಿದ್ದರೆ 1950ರ ಕಾಯ್ದೆಯ 17ನೇ ಕಲಮನ್ನು ಉಲ್ಲೇಖಿಸಿ, ವಿದ್ಯಾರ್ಥಿಗಳು, ಮಹಿಳೆಯರು, ಅಂಗವಿಕಲರು ಮತ್ತು ದಿನಗೂಲಿ ಕಾರ್ಮಿಕರಿಗೆ ಸ್ಥಾನವಿರುವ ಸಲಹಾ ಮಂಡಳಿ ರಚಿಸುವಂತೆ ಸಾರಿಗೆ ಇಲಾಖೆಗೆ ಬರೆಯಿರಿ. ಪ್ರತಿ ಊರಿನ ಅರ್ಜಿಯೂ ಬೇರೆಬೇರೆಯಾಗಿ ಬಾಗಿಲು ಬಡಿಯುವುದಕ್ಕಿಂತ, ಮೂರು ತಿಂಗಳಿಗೊಮ್ಮೆ ಕುಳಿತು ಮಾತನಾಡುವ ಮಂಡಳಿಯೊಂದು ಪ್ರಯಾಣಿಕರಿಗೂ ನಿಗಮಕ್ಕೂ ಎಷ್ಟೋ ಮೇಲು ಎಂಬುದು ಈ ಲೇಖಕನ ಖಚಿತ ಅಭಿಪ್ರಾಯ.

ಬದಲಾವಣೆ ಆದ ಮೇಲೆ

ಹೊಸ ವೇಳೆ ಜಾರಿಗೆ ಬಂದರೆ ಮೊದಲ ದಿನವೇ ಅದನ್ನು ತಂಗುದಾಣದ ಗೋಡೆ, ಶಾಲೆ, ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿಗಳಲ್ಲಿ ಬರೆದು ಹಾಕಬೇಕು. ಪ್ರಾಯೋಗಿಕ ಸುತ್ತುವಳಿಗಳು ಜನರಿಗೆ ಸುದ್ದಿ ಮುಟ್ಟದೆ ಖಾಲಿ ಓಡಿ ನಿಂತುಹೋಗುವುದುಂಟು. ಅದೇ ಐದು ಅಂಕಣಗಳಲ್ಲಿ ಮತ್ತೆ ಎರಡು ವಾರ ಎಣಿಸಿ, ಹಳೆಯ ಮತ್ತು ಹೊಸ ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು, ಪ್ರಯೋಗದ ತಿಂಗಳು ಮುಗಿಯುವ ಮೊದಲೇ ಘಟಕ ವ್ಯವಸ್ಥಾಪಕರಿಗೆ ಎರಡನೆಯ ಪತ್ರ ಕೊಡಬೇಕು. ಆ ಪತ್ರದಲ್ಲಿ ಬಸ್ಸನ್ನು ವೇಳೆಗೆ ಸರಿಯಾಗಿ ತಂದ ಚಾಲಕ ಮತ್ತು ನಿರ್ವಾಹಕರ ಕೆಲಸವನ್ನು, ಅವರ ಬಿಲ್ಲೆ ಸಂಖ್ಯೆಯ ಸಮೇತ, ಮೆಚ್ಚಿ ಎರಡು ಸಾಲು ಬರೆಯಿರಿ.