ಮಲೆನಾಡ ಕೆಸರಿಗೆ ಹಗುರ ಗಾಡಿಯೇ ಸರಿ: ನನ್ನ ಜಿಪ್ಸಿ ಅನುಭವ

ಮೂಡಿಗೆರೆ ಕಡೆ ಮಳೆ ಹಿಡಿದರೆ ತೋಟದ ರಸ್ತೆ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ನಮ್ಮ ಮೇಲಿನ ಬ್ಲಾಕಿನ ಏರು ಅದರಲ್ಲೂ ಕುಖ್ಯಾತ. ಜುಲೈನಲ್ಲಿ ಅಲ್ಲಿಗೆ ಬೋರ್ಡೋ (ಕೊಳೆರೋಗಕ್ಕೆ ಹೊಡೆಯೋ ಔಷಧಿ) ಡ್ರಮ್ಮು ಸಾಗಿಸಬೇಕು ಅಂದರೆ ಜೊತೆಗೆ ಟ್ರ್ಯಾಕ್ಟರಿಗೂ ಹೇಳಿಡಬೇಕಿತ್ತು. ಕಳೆದ ಎರಡು ಮಳೆಗಾಲದಿಂದ ಟ್ರ್ಯಾಕ್ಟರ್ ಕರೆಸಿಲ್ಲ. 1998ರ ಕಾರ್ಬುರೇಟರ್ ಎಂಜಿನ್ನಿನ ಮಾರುತಿ ಜಿಪ್ಸಿ ಆ ಕೆಲಸ ಮಾಡುತ್ತಿದೆ. "ಗೌಡ್ರೇ, ಪೆಟ್ರೋಲ್ ಆಟಿಕೆ ತಂದು ಏನು ಮಾಡ್ತೀರಿ?" ಎಂದು ನಕ್ಕವರೇ ಈಗ ಬಂದು ಗಾಡಿಯ ಅಡಿಗೆ ಬಗ್ಗಿ ನೋಡುತ್ತಾರೆ. ನೋಡಲಿ. ಒಂದೆರಡು ವಿಷಯ ಬಗ್ಗಿದರೂ ಕಾಣಿಸಲ್ಲ.

ನಮ್ಮ ಅಜ್ಜನ ಕಾಲದಲ್ಲಿ ಈ ಭಾಗಕ್ಕೆ ಜೀಪು ಬಂದದ್ದೇ ಷಿಕಾರಿಗೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿ ಹರಾಜಿನಲ್ಲಿ ಸಿಕ್ಕ ವಿಲ್ಲಿಸ್‌ಗಳು ಅವು. 1972ರ ವನ್ಯಜೀವಿ ಕಾಯಿದೆ ಬಂತು, ಷಿಕಾರಿ ನಿಂತಿತು. ನಿಲ್ಲಬೇಕಾದದ್ದೇ. ಆದರೆ ಆ ಹಿರಿಯರು ಗಾಡಿ ಆರಿಸುತ್ತಿದ್ದ ಲೆಕ್ಕ ಮಾತ್ರ ಪಕ್ಕಾ ಇತ್ತು. ಹಗುರ ಇರಬೇಕು, ಅಗಲ ಕಡಿಮೆ ಇರಬೇಕು, ಸದ್ದು ಮಾಡಬಾರದು, ಹೂತರೆ ನಾಲ್ಕು ಜನ ಸೇರಿ ಎತ್ತಿ ಬದಿಗಿಡುವಂತಿರಬೇಕು. ಹಾರ್ಸ್‌ಪವರ್ ಎಷ್ಟು ಅಂತ ಯಾರೂ ಕೇಳುತ್ತಿರಲಿಲ್ಲ. ವಿಲ್ಲಿಸ್‌ನದ್ದು ಬರೀ 60 ಎಚ್‌ಪಿ.

ನಾನು ಮಾತ್ರ ಪವರ್ ಹಿಂದೆ ಸುಮಾರು ವರ್ಷ ಓಡಿದೆ. ಮೊದಲು ಹಳೇ ಡೀಸೆಲ್ ಜೀಪು. ಎಂಜಿನ್ ಗಟ್ಟಿ, ಆದರೆ ಭಾರವೆಲ್ಲ ಮುಂದೆ. ಇಳಿಜಾರಿನ ಕೆಸರಲ್ಲಿ ಮೂತಿ ಹೂತರೆ ಮುಗೀತು. ಎಂಜಿನ್ ಬಿಚ್ಚಿಸಿ ಕಟ್ಟಿಸಿದ್ದಕ್ಕೆ ಹತ್ತಿರ ಹತ್ತಿರ 90 ಸಾವಿರ ಹೋಯಿತು. ಏರು ಹತ್ತೋದು ಅದರಿಂದ ಏನೂ ಸುಧಾರಿಸಲಿಲ್ಲ. ಆಮೇಲೆ 31 ಇಂಚಿನ ಅಗಲ ಎಂಟಿ (ಕೆಸರಿನ) ಟೈರು, ನಾಲ್ಕಕ್ಕೆ 50 ಸಾವಿರದ ಮೇಲೆ. ನೋಡೋಕೆ ಭಾರೀ ಚೆಂದ. ಮರಳಿಗೆ ಅಗಲ ಟೈರು ಬೇಕು, ಒಪ್ಪುತ್ತೇನೆ. ನಮ್ಮದು ಮೇಲೆ ಅರ್ಧ ಅಡಿ ಲೊಳೆ, ಕೆಳಗೆ ಗಟ್ಟಿ ಮಣ್ಣು. ಸಪೂರ ಟೈರು ಲೊಳೆ ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಅಗಲದ್ದು ಎಮ್ಮೆ ಹಾಗೆ ಮೇಲೇ ಜಾರುತ್ತದೆ. ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಹೋದಾಗ ಆ ಟೈರಿನ ಮೇಲೂ ತಕರಾರು ಎದ್ದಿತು, ಅದು ಬೇರೆ ಕಥೆ.

ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯೋ ವಿಂಚ್ ಕೂಡ ಹಾಕಿಸಿದ್ದೆ. ಅಗ್ಗದ್ದು, 30 ಸಾವಿರದೊಳಗೆ ಬಂತು. ಹಗ್ಗ ಕಟ್ಟೋಕೆ ತೋಟದಲ್ಲಿ ಇರೋದು ಯಾವ ಮರ? ಸಿಲ್ವರ್ ಓಕ್. ಮಳೆಯಲ್ಲಿ ಮಣ್ಣು ಸಡಿಲ ಆಗಿರುತ್ತೆ. ಎಳೆದರೆ ಗಾಡಿ ಇದ್ದಲ್ಲೇ ಇತ್ತು, ಮರ ಬುಡ ಸಮೇತ ನನ್ನ ಕಡೆ ವಾಲಿತು. ಅದರ ಮೇಲೆ ಹತ್ತು ಹನ್ನೆರಡು ವರ್ಷದ ಮೆಣಸಿನ ಬಳ್ಳಿ ಬೇರೆ. ಆ ಬಳ್ಳಿಯ ನಷ್ಟವನ್ನೂ ವಿಂಚಿನ ಲೆಕ್ಕಕ್ಕೇ ಬರೆದುಕೊಂಡೆ. ಅರ್ಧ ಬೆಲೆಗೆ ಮಾರಿದೆ.

ಹೊಸ ಗಾಡಿಗಳನ್ನೂ ನೋಡಿದೆ. ಥಾರ್ ಒಳ್ಳೆ ಗಾಡಿ, ಆದರೆ 2020ರ ನಂತರದ್ದು 1,820 ಮಿಮೀ ಅಗಲ. ಜಿಪ್ಸಿ 1,540. ಈ 28 ಸೆಂಟಿಮೀಟರ್ ಹೆದ್ದಾರಿಯಲ್ಲಿ ಏನೂ ಅಲ್ಲ. ಕಾಫಿ ಸಾಲಿನ ಪಕ್ಕ ಒಂದು ಕಡೆ ಕಂದಕ, ಇನ್ನೊಂದು ಕಡೆ ಕಡಿದ ಮಣ್ಣಿನ ಧರೆ ಇದ್ದಾಗ ಅದರ ಬೆಲೆ ಗೊತ್ತಾಗುತ್ತೆ. ಗೂರ್ಖಾದಲ್ಲಿ ಮುಂದೆ ಹಿಂದೆ ಎರಡೂ ಡಿಫರೆನ್ಷಿಯಲ್ ಲಾಕ್ ಇದೆ, ಅಂದರೆ ಎಡಬಲ ಚಕ್ರ ಎರಡೂ ಒಟ್ಟಿಗೇ ತಿರುಗೋ ಹಾಗೆ ಮಾಡಬಹುದು. ಬಂಡೆ ಹತ್ತೋದೇ ಕೆಲಸ ಆಗಿದ್ದರೆ ನಾನು ಕಣ್ಣು ಮುಚ್ಚಿ ಅದನ್ನೇ ತರುತ್ತಿದ್ದೆ. ಆದರೆ ತೂಕ? ಜಿಪ್ಸಿ ಸಾಫ್ಟ್ ಟಾಪ್ 985 ಕೆಜಿ. ಕಾಗದದ ಮೇಲೆ ನನಗೆ ಬೇಕಾಗಿದ್ದ ಅಂಕಿ ಇದೊಂದೇ.

ಸಿಕ್ಕಿದ್ದು ಹಾಸನದ ಕಡೆ, 2 ಲಕ್ಷ 70 ಸಾವಿರಕ್ಕೆ. ಫ್ಲೋರ್, ಹುಡ್, ಕ್ಲಚ್, ಹಬ್ ಲಾಕ್, ವೈರಿಂಗ್ ಎಲ್ಲ ಸೇರಿ ಇನ್ನೊಂದು ಒಂದೂವರೆ ಲಕ್ಷ. ಹಳೇ ಗಾಡಿ ಅಂದಮೇಲೆ ರೀ-ರಿಜಿಸ್ಟ್ರೇಷನ್ ಖರ್ಚು ಮರೆಯಬೇಡಿ. 2022ರ ಏಪ್ರಿಲ್‌ನಲ್ಲಿ ಕಾರಿನ ಶುಲ್ಕ 600ರಿಂದ 5,000ಕ್ಕೆ ಏರಿತ್ತು, ಈಗಿನ ದರ ವಿಚಾರಿಸಿಕೊಳ್ಳಿ. ಗ್ರೀನ್ ಟ್ಯಾಕ್ಸ್ ಪ್ರತ್ಯೇಕ.

ಎಂಪಿಎಫ್‌ಐ (ಪೆಟ್ರೋಲನ್ನು ಕಂಪ್ಯೂಟರ್ ಅಳೆದು ಚಿಮುಕಿಸೋ ಎಂಜಿನ್) ಬಿಟ್ಟು ಕಾರ್ಬುರೇಟರ್ ಯಾಕೆ ಅಂತ ತುಂಬಾ ಜನ ಕೇಳಿದರು. ಹಳ್ಳದ ನಡುವೆ ನಿಂತರೂ ಒಂದು ಸ್ಕ್ರೂ ಡ್ರೈವರ್ ಇದ್ದರೆ ನಾನೇ ನೋಡಿಕೊಳ್ಳಬಹುದು, ಅದಕ್ಕೆ. ಏರಿನಲ್ಲಿ ಕಾರ್ಬುರೇಟರ್ ಕೈಕೊಡುತ್ತೆ ಅನ್ನೋದೂ ನಿಜ. ಮೂತಿ ಮೇಲಾದಾಗ ಒಳಗಿನ ಪೆಟ್ರೋಲ್ ಮಟ್ಟ ಕಾಯೋ ಫ್ಲೋಟ್ ಏರುಪೇರಾಗಿ ಎಂಜಿನ್ ಉಸಿರುಗಟ್ಟುತ್ತದೆ. ಮೊದಲ ಮಳೆಗಾಲ ಪೂರ್ತಿ ಇದೇ ಗೋಳು, ಸರಿಯಾಗಿ ಮೇಲಿನ ಬ್ಲಾಕಿನ ಏರಿನ ಕೊನೆಯ ತಿರುವಿನಲ್ಲೇ ಆಫ್. ಮೆಕ್ಯಾನಿಕ್ ಮೂರು ಸಲ ಜೆಟ್ (ಪೆಟ್ರೋಲ್ ಹೋಗೋ ಸಣ್ಣ ತೂತಿನ ತುಂಡು) ಬದಲಿಸಿದ. ಜೆಟ್ ಸಮಸ್ಯೆಯೇ ಅಲ್ಲ, ಫ್ಲೋಟ್‌ದು. ಅದನ್ನು ಯಾವ ಕಡೆಗೆ, ಎಷ್ಟು ಬಗ್ಗಿಸಿದೆವು ಅನ್ನೋದನ್ನ ಮಾತ್ರ ಕೇಳಬೇಡಿ. ಅದು ಕಲಿಯೋಕೆ ನನಗೆ ಸುಮಾರು ಪೆಟ್ರೋಲ್ ಖರ್ಚಾಗಿದೆ.

ಇನ್ನು ಟೈರಿಗೆ ಸುತ್ತೋ ಕಬ್ಬಿಣದ ಚೈನು. ಕಂಪನಿ ಸೈಜಿನ 205/70 ಟೈರು, ಹಿಂದಿನ ಎರಡಕ್ಕೆ ಚೈನು. ಇಳಿಜಾರು ಜಾಸ್ತಿ ಇದ್ದರೆ ಮುಂದಕ್ಕೂ ಹಾಕುತ್ತೇನೆ, ಇಲ್ಲದಿದ್ದರೆ ಬ್ರೇಕ್ ಹಿಡಿದ ಕೂಡಲೇ ಸ್ಟೇರಿಂಗ್ ಮಾತು ಕೇಳಲ್ಲ. ಚೈನು ಒಂದು ಜೊತೆಗೆ ನಾಲ್ಕೈದು ಸಾವಿರ. ವೆಲ್ಡಿಂಗ್ ಅಂಗಡಿಯ ಮೊದಲ ಜೊತೆ ಒಂದು ಮಳೆಗಾಲದಲ್ಲೇ ಕೊಂಡಿ ಕೊಂಡಿ ಬಿಚ್ಚಿಕೊಂಡಿತು. ತುಂಡಾದ ಕೊಂಡಿ ಮಡ್‌ಗಾರ್ಡ್‌ಗೆ ಬಡಿದು ಎರಡು ಕಡೆ ಹರಿಯಿತು. ಈಗಿನದಕ್ಕೆ ಅಡ್ಡ ಕೊಂಡಿಗಳನ್ನು ಹತ್ತಿರ ಹತ್ತಿರ ಇಡಿಸಿದ್ದೇನೆ. ಕಟ್ಟಿ ಐವತ್ತು ಹೆಜ್ಜೆ ಓಡಿಸಿ, ಇಳಿದು ಮತ್ತೊಮ್ಮೆ ಬಿಗಿ ಮಾಡಲೇಬೇಕು. ಇದನ್ನು ಬಿಟ್ಟವರೇ "ಚೈನ್ ಪ್ರಯೋಜನ ಇಲ್ಲ" ಅನ್ನೋದು. ಚೈನ್ ಹಾಕಿದಾಗ ಗಾಳಿ ಜಾಸ್ತಿ ಇಳಿಸಬೇಡಿ, 22 ಪಿಎಸ್‌ಐ ಆಸುಪಾಸು ಇರಲಿ. ಚೈನ್ ಇಲ್ಲದೆ ಬರೀ ಕೆಸರಿಗೆ ಇಳಿದರೆ ನಾನು 15ರವರೆಗೂ ಹೋಗುತ್ತೇನೆ. ಅದಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟೈರು ರಿಮ್ ಬಿಡುತ್ತೆ.

ಒಂದು ಚಕ್ರ ಗಾಳಿಯಲ್ಲಿ ಸುಮ್ನೆ ತಿರುಗುತ್ತಿದ್ದರೆ ಆಕ್ಸಿಲರೇಟರ್ ಜೊತೆಗೆ ಎಡಗಾಲಲ್ಲಿ ಬ್ರೇಕ್ ಮೆಲ್ಲಗೆ ಒತ್ತಿ. ನೆಲದಲ್ಲಿರೋ ಚಕ್ರಕ್ಕೂ ಸ್ವಲ್ಪ ಶಕ್ತಿ ಹೋಗುತ್ತದೆ. ನಮ್ಮ ಭಾವನ ಜಿಮ್ನಿಯಲ್ಲಿ ಇದೇ ಕೆಲಸವನ್ನು ಕಂಪ್ಯೂಟರ್ ಮಾಡುತ್ತೆ, ತಿರುಗೋ ಚಕ್ರಕ್ಕೆ ತಾನೇ ಬ್ರೇಕ್ ಹಿಡಿಯುತ್ತೆ. ಭಾವನಿಗೆ ಹೆದರಿಕೆ ಆಗಿ ಆಕ್ಸಿಲರೇಟರಿನಿಂದ ಕಾಲು ತೆಗೆದುಬಿಡುತ್ತಿದ್ದರು. "ಭಾವ, ಕಾಲು ತೆಗೀಬೇಡಿ, ಹಾಗೇ ಹಿಡೀರಿ" ಅಂತ ಪಕ್ಕದಲ್ಲಿ ಕೂತು ಕೂಗಿದ ಮೇಲೆ ಹತ್ತಿತು. ಹೊಸದೇ ಬೇಕು ಅನ್ನೋರಿಗೆ ನನ್ನ ಓಟು ಜಿಮ್ನಿಗೇ. 5 ಬಾಗಿಲಿನದ್ದರ ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರದ ನಡುವಿನ ಅಂತರ) ಜಿಪ್ಸಿಗಿಂತ ಉದ್ದ, 2,590 ಮಿಮೀ. ದಿಬ್ಬದ ನೆತ್ತಿಯಲ್ಲಿ ಹೊಟ್ಟೆ ತಾಗುತ್ತೆ, ಅಷ್ಟು ನೋಡಿಕೊಳ್ಳಿ.

ನಡುವೆ ಒಂದಷ್ಟು ಹುಚ್ಚಾಟವೂ ಆಯಿತು. ಪಲ್ಪಿಂಗ್ ಆದ ಕಾಫಿ ಸಿಪ್ಪೆಯನ್ನು ಏರಿಗೆ ಹರಡಿದರೆ ಹಿಡಿತ ಸಿಗುತ್ತೆ ಅಂತ ತೋಟದ ಲೆಕ್ಕ ನೋಡೋ ರೈಟರ್ ಹೇಳಿದ. ಒಂದು ವಾರ ಸಿಕ್ಕಿತು. ಆಮೇಲೆ ಅದು ಕೊಳೆತು ಜಾರುಬಂಡಿ ಆಯಿತು, ಕೆಲಸದವರು ನಡೆಯೋಕೂ ಆಗಲಿಲ್ಲ. ಹಿಂದಿನ ಪಾಟದಿಂದ (ಲೀಫ್ ಸ್ಪ್ರಿಂಗಿನಿಂದ) ಒಂದು ಬ್ಲೇಡ್ ತೆಗೆಸಿ ನೋಡಿದೆ. ಖಾಲಿ ಇದ್ದಾಗ ಹತ್ತಿ ಮೇಲೆ ಕೂತ ಹಾಗಿತ್ತು. ಐದಾರು ಚೀಲ ಹಾಕಿದ ಕೂಡಲೇ ಚಾಸಿಗೆ ಬಡಿಯಿತು. ವಾಪಸ್ ಹಾಕಿಸಿದೆ.

ಹಳ್ಳ ದಾಟೋದು ಪೆಟ್ರೋಲ್ ಗಾಡಿಯ ದುರ್ಬಲ ಜಾಗ. ಸ್ಪಾರ್ಕ್ ಪ್ಲಗ್ಗಿಗೆ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರ್ ನೆನೆದರೆ ಕಥೆ ಮುಗೀತು. ಸೈಕಲ್ ಟ್ಯೂಬ್ ಕತ್ತರಿಸಿ ಅದರ ಮೇಲೆ ಬಿಗಿಯಾಗಿ ಎಳೆದಿದ್ದೇನೆ. ನೀರು ಬಂಪರ್ ಮಟ್ಟಕ್ಕೆ ಇದ್ದರೆ ದಡದಲ್ಲೇ ಫ್ಯಾನ್ ಬೆಲ್ಟ್ ಬಿಚ್ಚಿಟ್ಟುಕೊಳ್ಳಿ, ಇಲ್ಲದಿದ್ದರೆ ಫ್ಯಾನೇ ಎಂಜಿನ್ನಿಗೆಲ್ಲ ನೀರು ಎರಚುತ್ತೆ. ದಾಟಿದ ಮೇಲೆ ಹಾಕೋದು ಮರೆಯಬೇಡಿ. ಹಾಗೆಯೇ ಸಂತೆಯವರೆಗೆ ಹೋಗಿ ಹೆಡ್ ಗ್ಯಾಸ್ಕೆಟ್ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಪೆಟ್ರೋಲ್ ಖರ್ಚು ಇದೆ, ಸುಳ್ಳು ಹೇಳಲ್ಲ. ಟಾರಿನಲ್ಲಿ ಲೀಟರಿಗೆ ಹತ್ತು ಹತ್ತಿರ, ತೋಟದಲ್ಲಿ ಲೋ (ಫೋರ್ ವೀಲಿನ ನಿಧಾನದ ಗೇರು) ಹಾಕಿ ಓಡಿಸಿದರೆ ನಾಲ್ಕೈದು. ಆದರೆ ಒಂದು ಸಲ ಟ್ರ್ಯಾಕ್ಟರಲ್ಲಿ ಎಳೆಸಿದರೆ ಸಾವಿರದೈನೂರು, ಜೊತೆಗೆ ಆ ದಿನದ ಆಳಿನ ಸಂಬಳ ದಂಡ. ಮಳೆಗಾಲಕ್ಕೆ ಮೂವತ್ತು ಸಾವಿರವಾದರೂ ಉಳಿಯುತ್ತಿದೆ. ಇನ್ನೊಂದು ಲಾಭ ಇದೆ. ಈಗ ನಮ್ಮ ಕಡೆ ಆನೆ ಕಾಟ ಜಾಸ್ತಿ. ಸಂಜೆ ಮೇಲೆ ಎಂಜಿನ್ ಸದ್ದು ಕಡಿಮೆ ಇದ್ದರೆ ಬಿದಿರು ಮುರಿಯೋ ಶಬ್ದ ಮೊದಲೇ ಕೇಳಿಸುತ್ತದೆ, ತಿರುಗಿಸಿಕೊಂಡು ಬರೋಕೆ ಸಮಯ ಸಿಗುತ್ತೆ. ಷಿಕಾರಿಯವರು ಸದ್ದಿಲ್ಲದ ಗಾಡಿ ಹುಡುಕುತ್ತಿದ್ದದ್ದು ಪ್ರಾಣಿಯ ಹತ್ತಿರ ಹೋಗೋಕೆ, ನನಗೆ ಬೇಕಾದ್ದು ದೂರ ಉಳಿಯೋಕೆ.

ತಗೊಳ್ಳೋರು ಪೇಂಟ್ ನೋಡಿ ಮರುಳಾಗಬೇಡಿ. ಒಂದು ಸಣ್ಣ ಸುತ್ತಿಗೆ ಒಯ್ಯಿರಿ. ಮ್ಯಾಟ್ ಎತ್ತಿ ಫ್ಲೋರ್ ತಟ್ಟಿ, ಆಮೇಲೆ ಹಿಂದಿನ ಪಾಟದ ಶ್ಯಾಕಲ್ ಕೂರೋ ಜಾಗದಲ್ಲಿ ಚಾಸಿ ತಟ್ಟಿ. ಟಣ್ ಅಂದರೆ ಚೌಕಾಸಿ ಶುರು ಮಾಡಿ. ಸದ್ದು ಮಂಕಾಗಿದ್ದರೆ ಒಳಗೆ ಪುಟ್ಟಿ, ಬಿಟ್ಟು ಬನ್ನಿ. ಫೋರ್ ವೀಲ್ ಹಾಕಿ, ಲೋಗೆ ಹಾಕಿ, ಕೆಸರಲ್ಲಿ ನೂರು ಅಡಿಯಾದರೂ ಓಡಿಸದೆ ದುಡ್ಡು ಕೊಡಬೇಡಿ. "ಈಗ ಕೆಸರು ಎಲ್ಲಿದೆ ಸಾರ್?" ಅಂತ ಮಾರೋರು ಕೇಳುತ್ತಾರೆ. ಜುಲೈನಲ್ಲೇ ನೋಡೋಕೆ ಹೋಗಿ.