ಘಾಟಿ ಹತ್ತುವ ಆಲ್ಕೊ: ಕೋಣೆಯಲ್ಲಿ ಹಳಿ, ಎಂಜಿನ್ ಹೊಟ್ಟೆಯಲ್ಲಿ ದನಿ

ಸುಬ್ರಹ್ಮಣ್ಯ ರೋಡ್‌ನಿಂದ ಗೂಡ್ಸ್ ಗಾಡಿ ಹೊರಡುವಾಗ ಮೊದಲು ಕೇಳಿಸುತ್ತಿದ್ದದ್ದು ಎಂಜಿನ್ ದನಿ, ಚಕ್ರ ತಿರುಗುತ್ತಿದ್ದದ್ದು ಆಮೇಲೆ. ಅಮೆರಿಕದ ಆಲ್ಕೊ ವಿನ್ಯಾಸದ ಡೀಸೆಲ್ ಎಂಜಿನ್‌ನಲ್ಲಿ ನಾಚ್ (ಥ್ರಾಟಲ್, ಅಂದರೆ ಶಕ್ತಿಯ ಹಿಡಿಕೆಯ ಮೆಟ್ಟಿಲು) ಏರಿಸಿದರೆ ಧಗಧಗ ಸದ್ದು ಏರುತ್ತದೆ, ಟರ್ಬೊ ಹಿಂದಿನಿಂದ ಸಿಳ್ಳು ಹಾಕುತ್ತ ಬರುತ್ತದೆ, ಕರಿಹೊಗೆ ಏಳುತ್ತದೆ. ಅಷ್ಟಾದ ಮೇಲೆ ಗಾಡಿ ಕದಲುತ್ತಿತ್ತು. ಲೋಕೊ ಪೈಲಟ್ ಕೆಲಸದಲ್ಲಿ ವರ್ಷಗಟ್ಟಲೆ ಆ ದಾರಿಯಲ್ಲಿ ಓಡಾಡಿದವನು ನಾನು. ನಿವೃತ್ತನಾದ ಮೇಲೆ ಹಾಸನದ ಮನೆಯ ಹಿಂಬದಿ ಕೋಣೆಯಲ್ಲಿ ಮಾದರಿ ರೈಲು ಕಟ್ಟಲು ಕೂತಾಗ ನನಗೆ ಬೇಕಾಗಿದ್ದು ಆ ಕ್ರಮ: ದನಿ ಮೊದಲು, ಚಲನೆ ನಂತರ. ಈ ಬರಹ ಅದನ್ನು ಸಾಧಿಸುವ ದಾರಿ.

ಮೊದಲು ಲೆಕ್ಕ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ 55 ಕಿ.ಮೀ., ಅದರಲ್ಲಿ 57 ಸುರಂಗ. ನಾನು ಬಳಸಿದ ಎಚ್‌ಒ ಸ್ಕೇಲ್ ಎಂದರೆ 1:87, ನಿಜದ 87ರಲ್ಲಿ ಒಂದು ಪಾಲು ಗಾತ್ರ. ಆ ಲೆಕ್ಕದಲ್ಲಿ ಘಾಟಿಯನ್ನು ಪೂರ್ತಿ ಕಟ್ಟಲು 632 ಮೀಟರ್ ಹಳಿ ಬೇಕು. ಹಾಗಾಗಿ ಒಂದು ತುಂಡನ್ನಷ್ಟೇ ಆರಿಸಿಕೊಳ್ಳಿ. ನಾನು ಆರಿಸಿಕೊಂಡದ್ದು ಘಾಟಿಯ ನಡುವಿನ ಎಡಕುಮೇರಿಯ ಆಸುಪಾಸು: ಒಂದು ಪುಟ್ಟ ಸ್ಟೇಷನ್, ಎತ್ತರದ ಕಂಬಗಳ ಮೇಲೆ ಒಂದು ಗರ್ಡರ್ ಸೇತುವೆ, ಎರಡು ಸುರಂಗ. ಇನ್ನೊಂದು ಸುರಂಗ ಸೇರಿಸುವ ಆಸೆ ಬರುತ್ತದೆ, ಸೇರಿಸಬೇಡಿ. ಎರಡು ಸುರಂಗದ ನಡುವೆ ಗಾಡಿ ಪೂರ್ತಿಯಾಗಿ ಕಾಣುವಷ್ಟು ಜಾಗ ಇದ್ದರೇ ಘಾಟಿ ಅನ್ನಿಸುವುದು.

ನನ್ನ ಕೋಣೆ 12 ಅಡಿಗೆ 10 ಅಡಿ. ನಡುವೆ ಮೇಜು ಹಾಕದೆ ಗೋಡೆಯ ಸುತ್ತ 2 ಅಡಿ ಅಗಲದ ಹಲಗೆ ಕಟ್ಟಿದೆ, ಬಾಗಿಲ ಬಳಿ ಎತ್ತಿ ತೆಗೆಯುವ ತುಂಡು. ಇದರಿಂದ ಮೂಲೆಯ ತಿರುವುಗಳಿಗೆ 30 ಇಂಚು ತ್ರಿಜ್ಯ ಸಿಕ್ಕಿತು. ಆರು ಗಾಲಿಜೋಡಿಯ ಉದ್ದ ಎಂಜಿನ್‌ಗೆ ಅಷ್ಟು ಬೇಕು, 24 ಇಂಚಿಗಿಂತ ಕೆಳಗೆ ಹೋಗಲೇಬೇಡಿ. ಐಸಿಎಫ್ ಬೋಗಿ (ಚೆನ್ನೈ ಕಾರ್ಖಾನೆಯ ಪ್ರಯಾಣಿಕರ ಡಬ್ಬಿ) ಈ ಸ್ಕೇಲಿನಲ್ಲಿ ಹತ್ತಿರಹತ್ತಿರ 245 ಮಿ.ಮೀ. ಆಗುತ್ತದೆ. ಬಿಗಿ ತಿರುವಿನಲ್ಲಿ ಅದರ ಮೂಲೆ ಹೊರಗೆ ಚಾಚಿ ಸುರಂಗದ ಬಾಯಿಗೆ ಉಜ್ಜುತ್ತದೆ. ಸುರಂಗದ ಬಾಯನ್ನು ಅಂಟಿಸುವ ಮೊದಲು ನಿಮ್ಮ ಅತಿ ಉದ್ದದ ಬೋಗಿಯನ್ನು ಕೈಯಲ್ಲಿ ತಳ್ಳಿ ನೋಡಿ.

ಹಲಗೆಯ ಎತ್ತರ ನೆಲದಿಂದ 4 ಅಡಿ ಇಡಿ. ಕುರ್ಚಿಯಲ್ಲಿ ಕೂತರೆ ಗಾಡಿ ಕಣ್ಣಿನ ಮಟ್ಟಕ್ಕೆ ಬರುತ್ತದೆ, ದನಿಯೂ ನೇರವಾಗಿ ಕಿವಿಗೆ ತಲುಪುತ್ತದೆ. 12 ಮಿ.ಮೀ. ಪ್ಲೈವುಡ್ ಸಾಕು, ಆದರೆ ಕೊಯ್ದ ಅಂಚುಗಳಿಗೆಲ್ಲ ಬಣ್ಣ ಬಳಿಯಿರಿ. ನಮ್ಮ ಮಲೆನಾಡ ಸೆರಗಿನ ಮಳೆಗಾಲದಲ್ಲಿ ಬಣ್ಣ ಕಾಣದ ಅಂಚು ತೇವ ಹೀರಿ ಊದುತ್ತದೆ. ಅದರ ಜೊತೆ ಹಳಿಯೂ ಏಳುತ್ತದೆ.

ಏರು ನಿಜ ಘಾಟಿಯಂತೆಯೇ 1:50. ಎಂದರೆ ಒಂದು ಮೀಟರಿಗೆ 2 ಸೆಂ.ಮೀ., ಪ್ರತಿ 30 ಸೆಂ.ಮೀ.ಗೆ ಹಿಂದಿನದಕ್ಕಿಂತ 6 ಮಿ.ಮೀ. ಹೆಚ್ಚು ಎತ್ತರದ ಕಟ್ಟಿಗೆ ತುಂಡು. ನನ್ನಲ್ಲಿ 5 ಮೀಟರ್ ಹತ್ತಿ 10 ಸೆಂ.ಮೀ. ಮೇಲೇರುತ್ತದೆ, ಉಳಿದರ್ಧ ಸುತ್ತಿನಲ್ಲಿ ಇಳಿಯುತ್ತದೆ. ಸಮತಟ್ಟಿನಿಂದ ಏರಿಗೆ ತಟ್ಟನೆ ತಿರುಗಿಸಬೇಡಿ, ಮೊದಲ ಅರ್ಧ ಮೀಟರ್ ಮೆಲ್ಲಗೆ ಬಾಗಲಿ. ಹಾಗೆ ಮಾಡದಿದ್ದರೆ ಎಂಜಿನ್‌ನ ನಡುಗಾಲಿ ಹಳಿ ಬಿಟ್ಟು ಗಾಳಿಯಲ್ಲಿ ನಿಲ್ಲುತ್ತದೆ. ಅಷ್ಟು ಹೊತ್ತು ವಿದ್ಯುತ್ ಕಡಿಮೆಯಾಗಿ ದನಿ ತುಂಡಾಗುತ್ತದೆ.

ಒಂದು ಮಾತು ಗೇಜ್ ಬಗ್ಗೆ, ಅಂದರೆ ಎರಡು ಹಳಿಗಳ ನಡುವಿನ ಅಂತರದ ಬಗ್ಗೆ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ.; 87ರಿಂದ ಭಾಗಿಸಿದರೆ 19.3 ಮಿ.ಮೀ. ಬರಬೇಕು. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ 16.5 ಮಿ.ಮೀ., ಅದು 1435 ಮಿ.ಮೀ. ಗೇಜಿನ ಲೆಕ್ಕ. ಪಕ್ಕದಿಂದ ನೋಡಿದರೆ ಗೊತ್ತಾಗುವುದಿಲ್ಲ, ಎದುರಿನಿಂದ ನೋಡಿದರೆ ನನ್ನಂಥವನಿಗೆ ಚುಚ್ಚುತ್ತದೆ. ಆದರೂ ಹಳಿ, ಪಾಯಿಂಟ್, ಗಾಲಿ ಎಲ್ಲವನ್ನೂ ಕೈಯಿಂದ ಮಾಡುವ ಬದಲು ನಾನು 16.5ನ್ನೇ ಒಪ್ಪಿಕೊಂಡೆ. ಆ ಸಮಯವನ್ನು ದನಿಗೆ ಕೊಟ್ಟೆ.

ಈಗ ವೈರಿಂಗ್. ದನಿಯ ಅರ್ಧ ಭವಿಷ್ಯ ಇಲ್ಲಿಯೇ ನಿರ್ಧಾರವಾಗುತ್ತದೆ. ಹಳೆಯ ಡಿಸಿ ಪದ್ಧತಿಯಲ್ಲಿ ಹಳಿಯ ವೋಲ್ಟೇಜ್ ಏರಿಸಿದರೆ ಎಂಜಿನ್ ಓಡುತ್ತದೆ, ಇಳಿಸಿದರೆ ನಿಲ್ಲುತ್ತದೆ. ನಿಂತ ಎಂಜಿನ್‌ಗೆ ದನಿ ಮಾಡಲು ವಿದ್ಯುತ್ತೇ ಇರುವುದಿಲ್ಲ. ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್) ಪದ್ಧತಿಯಲ್ಲಿ ಹಳಿಯ ಮೇಲೆ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತದೆ, ಎಚ್‌ಒಗೆ ಸುಮಾರು 15 ವೋಲ್ಟ್. ಓಡು, ನಿಲ್ಲು, ಹಾರ್ನ್ ಹಾಕು ಎಂಬ ಆಜ್ಞೆಗಳು ಅದೇ ವಿದ್ಯುತ್ತಿನಲ್ಲಿ ಸಂಕೇತವಾಗಿ ಹೋಗುತ್ತವೆ. ಎಂಜಿನ್ ಒಳಗಿನ ಡಿಕೋಡರ್ ಎಂಬ ಪುಟ್ಟ ಸರ್ಕ್ಯೂಟ್ ತನ್ನ ವಿಳಾಸಕ್ಕೆ ಬಂದದ್ದನ್ನು ಮಾತ್ರ ಪಾಲಿಸುತ್ತದೆ. ಆದ್ದರಿಂದಲೇ ಗಾಡಿ ನಿಂತಿದ್ದಾಗಲೂ ಎಂಜಿನ್ ಗುಡುಗುತ್ತಿರಬಹುದು.

ಹಲಗೆಯ ಅಡಿಯಲ್ಲಿ ಮನೆ ವೈರಿಂಗ್‌ನ 2.5 ಚದರ ಮಿ.ಮೀ. ತಂತಿ, ಒಂದು ಕೆಂಪು ಒಂದು ಕಪ್ಪು, ಸುತ್ತ ಎಳೆಯಿರಿ. ಪ್ರತಿ ಹಳಿ ತುಂಡಿನಿಂದ ಸಣ್ಣ ತಂತಿಯೊಂದನ್ನು ಇದಕ್ಕೆ ಬೆಸೆಯಿರಿ. ಹಳಿಗಳನ್ನು ಜೋಡಿಸುವ ಫಿಶ್‌ಪ್ಲೇಟ್ ವಿದ್ಯುತ್ ಒಯ್ಯುತ್ತದೆಂದು ನಂಬಬೇಡಿ. ಇವತ್ತು ಒಯ್ಯುತ್ತದೆ, ಎರಡನೇ ಮಳೆಗಾಲಕ್ಕೆ ಒಯ್ಯುವುದಿಲ್ಲ. ಮುಗಿದ ಮೇಲೆ ಒಂದು ರೂಪಾಯಿ ನಾಣ್ಯ ಹಿಡಿದು ಎರಡು ಹಳಿಗೂ ತಾಗಿಸುತ್ತ ಪ್ರತಿ ಅಡಿಗೆ ಒಮ್ಮೆ ಪರೀಕ್ಷಿಸಿ. ತಾಗಿಸಿದ ಕೂಡಲೇ ಕಂಟ್ರೋಲರ್ ವಿದ್ಯುತ್ ಕಡಿಯಬೇಕು. ಎಲ್ಲಾದರೂ ಕಡಿಯದೆ ನಾಣ್ಯ ಬಿಸಿಯಾದರೆ ಆ ಜಾಗದ ಬೆಸುಗೆ ಸೋತಿದೆ. ಈ ಪರೀಕ್ಷೆ ಪಾಸಾಗದ ಹಳಿಯ ಮೇಲೆ ದುಬಾರಿ ಎಂಜಿನ್ ಇಡಬೇಡಿ.

ಎಂಜಿನ್‌ಗೆ ಬರೋಣ. ನಮ್ಮ ರೈಲ್ವೆಯ ಡಬ್ಲ್ಯೂಡಿಎಂ-2 ಡೀಸೆಲ್ ಗಾಡಿಯ ಒಳಗಿದ್ದದ್ದು ಆಲ್ಕೊ 251, 16 ಸಿಲಿಂಡರ್, 2600 ಅಶ್ವಶಕ್ತಿ. ಅದೇ 251 ಕುಟುಂಬದ ಎಂಜಿನ್ ಅಮೆರಿಕದ ಸಿ-630ರಂಥ ಗಾಡಿಗಳಲ್ಲೂ ಇತ್ತು. ಹಾಗಾಗಿ ಡಿಕೋಡರ್ ಕೊಳ್ಳುವಾಗ 'ಆಲ್ಕೊ 251, 16 ಸಿಲಿಂಡರ್' ದನಿ ಕೇಳಿ. ಡಬ್ಲ್ಯೂಡಿಜಿ-4 ಎಂಬ ಗೂಡ್ಸ್ ಡೀಸೆಲ್‌ನ ಮಾದರಿ ಮಾಡುವವರು ಈ ದನಿ ಹಾಕಬಾರದು. ಅದರದ್ದು ಅಮೆರಿಕದ ಇಎಂಡಿ ಕಂಪನಿಯ 710, ಎರಡು ಸ್ಟ್ರೋಕಿನದು. ಧಗಧಗ ಇಲ್ಲ, ಒಂದೇ ಸಮನೆ ಏರುವ ಮೊರೆತ. ಕಣ್ಣುಮುಚ್ಚಿ ಕೂತರೂ ಯಾವ ಎಂಜಿನ್ ಬರುತ್ತಿದೆಯೆಂದು ಘಾಟಿಯ ಗ್ಯಾಂಗ್‌ಮನ್ ಹೇಳುತ್ತಿದ್ದ.

ಎಂಜಿನ್ ಬಿಚ್ಚುವ ಮೊದಲು ಡಿಸಿಯಲ್ಲಿ ಓಡಿಸಿ. ಅಲ್ಲಿ ತಡವರಿಸುವ ಎಂಜಿನ್ ಡಿಕೋಡರ್ ಹಾಕಿದರೆ ಸರಿಹೋಗುವುದಿಲ್ಲ. ಒಳಗೆ ಎಂಟು ಪಿನ್ ಅಥವಾ 21 ಪಿನ್ ಸಾಕೆಟ್ ಇದ್ದರೆ ಕೆಲಸ ಐದು ನಿಮಿಷದ್ದು. ಇಲ್ಲದಿದ್ದರೆ ತಂತಿ ಬೆಸೆಯಬೇಕು: ಕೆಂಪು ಬಲ ಹಳಿಗೆ, ಕಪ್ಪು ಎಡ ಹಳಿಗೆ, ಕಿತ್ತಳೆ ಮತ್ತು ಬೂದು ಮೋಟರಿಗೆ, ಬಿಳಿ ಮುಂದಿನ ದೀಪಕ್ಕೆ, ಹಳದಿ ಹಿಂದಿನ ದೀಪಕ್ಕೆ, ನೀಲಿ ದೀಪಗಳ ಸಾಮಾನ್ಯ ಧನ ತಂತಿ.

ಹಳೆಯ ಎಂಜಿನ್‌ಗಳಲ್ಲಿ ಮೋಟರಿಗೆ ವಿದ್ಯುತ್ ಕೊಡುವ ಒಂದು ಬ್ರಷ್ ನೇರವಾಗಿ ಚಾಸಿಗೆ, ಅಂದರೆ ಎಂಜಿನ್‌ನ ಲೋಹದ ಚೌಕಟ್ಟಿಗೆ ತಾಗಿರುತ್ತದೆ. ನನ್ನ ಮೊದಲ ಡಿಕೋಡರ್ ಸತ್ತದ್ದು ಹೀಗೆಯೇ. ಮೇಲಿನ ಬ್ರಷ್ ಬಿಡಿಸಿದ್ದೆ, ಕೆಳಗಿನದನ್ನು ನೋಡಿರಲಿಲ್ಲ. ಹಳಿಗಿಟ್ಟ ಕ್ಷಣಕ್ಕೆ ಸುಟ್ಟ ವಾಸನೆ ಬಂತು. ಸುಟ್ಟ ಆ ಡಿಕೋಡರನ್ನು ಇನ್ನೂ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಮಲ್ಟಿಮೀಟರ್ ಹಿಡಿದು ಮೋಟರಿನ ಎರಡೂ ತುದಿಗಳನ್ನು ಚಾಸಿಗೂ ಪ್ರತಿ ಗಾಲಿಗೂ ಅಳೆಯಿರಿ. ಬೀಪ್ ಬಂದರೆ ಡಿಕೋಡರ್ ಮುಟ್ಟಬೇಡಿ.

ಸ್ಪೀಕರ್ ವಿಷಯದಲ್ಲಿ ಅವಸರ ಮಾಡುವವರೇ ಹೆಚ್ಚು. ಸಕ್ಕರೆ ಅಚ್ಚಿನಷ್ಟು ಚಿಕ್ಕ ಸ್ಪೀಕರನ್ನು ಬರಿದಾಗಿ ನುಡಿಸಿದರೆ ಸೊಳ್ಳೆ ಗುಂಯ್‌ಗುಟ್ಟಿದಂತೆ ಕೇಳುತ್ತದೆ, ಏಕೆಂದರೆ ಮುಂದಿನ ಅಲೆಯನ್ನು ಹಿಂದಿನ ಅಲೆ ನುಂಗುತ್ತದೆ. ಹಿಂಬದಿಗೆ ಗಾಳಿಯಾಡದ ಪೆಟ್ಟಿಗೆ ಬೇಕು. 1 ಮಿ.ಮೀ. ಪ್ಲಾಸ್ಟಿಕ್ ಹಾಳೆಯಲ್ಲಿ ಕಟ್ಟಿ, ಸಂದುಗಳಿಗೆಲ್ಲ ಅಂಟು ಹಚ್ಚಿ, ತಂತಿ ಹೊರಬರುವ ತೂತನ್ನೂ ಮುಚ್ಚಿ. ಜಾಗ ಇರುವಷ್ಟು ದೊಡ್ಡದು ಮಾಡಿ. ನಾನು ಇಟ್ಟದ್ದು ಎಂಜಿನ್ ಅಡಿಯ ಎರಡು ಗಾಲಿಗುಂಪುಗಳ ನಡುವಿನ ಡೀಸೆಲ್ ಟ್ಯಾಂಕಿನಲ್ಲಿ, ಮುಖ ಕೆಳಗೆ. ದನಿ ಹಳಿಗೆ ಬಡಿದು ಹಲಗೆಯನ್ನೂ ಸ್ವಲ್ಪ ನಡುಗಿಸುತ್ತದೆ, ಅದು ಒಳ್ಳೆಯದೇ. ಎರಡು ಸ್ಪೀಕರ್ ಹಾಕುವವರು 1.5 ವೋಲ್ಟ್ ಸೆಲ್ ತಾಗಿಸಿ ಎರಡರ ಪರದೆಯೂ ಒಂದೇ ದಿಕ್ಕಿಗೆ ಜಿಗಿಯುತ್ತದೆಯೇ ನೋಡಿಕೊಳ್ಳಿ. ಎರಡು 8 ಓಮ್ ಸ್ಪೀಕರನ್ನು ಪಕ್ಕಪಕ್ಕ ಸೇರಿಸಿದರೆ 4 ಓಮ್ ಆಗುತ್ತದೆ. ನಿಮ್ಮ ಡಿಕೋಡರ್ ಅದಕ್ಕೆ ಒಪ್ಪುತ್ತದೆಯೇ ಎಂದು ಅದರ ಕೈಪಿಡಿ ಓದಿ.

ಮೊದಲ ವಿದ್ಯುತ್ ಪ್ರೋಗ್ರಾಮಿಂಗ್ ಹಳಿಯ ಮೇಲೆಯೇ ಕೊಡಿ, ಅಂದರೆ ಡಿಕೋಡರಿಗೆ ಅಂಕಿ ಬರೆಯಲು ಬೇರೆಯಾಗಿ ಇಟ್ಟ ಹಳಿ ತುಂಡಿನ ಮೇಲೆ. ಅಲ್ಲಿ ವಿದ್ಯುತ್ ಮಿತವಾಗಿರುವುದರಿಂದ ತಪ್ಪು ಬೆಸುಗೆ ಇದ್ದರೂ ಡಿಕೋಡರ್ ಉಳಿಯುತ್ತದೆ. ಹೊಸ ಡಿಕೋಡರಿನ ವಿಳಾಸ 3. ಅದನ್ನು ಎಂಜಿನ್ ನಂಬರಿಗೆ ಬದಲಿಸಿ, ಆಮೇಲೆ ಹೊಂದಿಸುವ ಕೆಲಸ.

ಸಿವಿ ಎಂದರೆ ಡಿಕೋಡರ್ ಒಳಗೆ ಅಂಕಿ ಬರೆದಿಡುವ ಮನೆ. ಸಿವಿ 3 ಎಂದರೆ ವೇಗ ಏರುವ ನಿಧಾನ, ಸಿವಿ 4 ಇಳಿಯುವ ನಿಧಾನ. ಎರಡನ್ನೂ ದೊಡ್ಡದಾಗಿ ಇಡಿ, ತುಂಬಿದ ಗೂಡ್ಸ್ ಗಾಡಿ ಚಂಗನೆ ನೆಗೆಯುವುದಿಲ್ಲ. ಸಿವಿ 5 ಗರಿಷ್ಠ ವೇಗ, ಘಾಟಿಗೆ ಅದನ್ನು ತಗ್ಗಿಸಿ. ದನಿ ಮೊದಲು ಏರಿ ಚಕ್ರ ಆಮೇಲೆ ತಿರುಗುವ ಆಯ್ಕೆ ಒಳ್ಳೆಯ ಡಿಕೋಡರ್‌ಗಳಲ್ಲಿ ಇರುತ್ತದೆ, ಹುಡುಕಿ ಆನ್ ಮಾಡಿ. ಇನ್ನು ನನಗೆ ಅತಿ ಪ್ರಿಯವಾದದ್ದು ಲೋಕ್‌ಸೌಂಡ್ ಡಿಕೋಡರ್‌ಗಳಲ್ಲಿರುವ ಡ್ರೈವ್ ಹೋಲ್ಡ್. ಅದನ್ನು ಒತ್ತಿದರೆ ಗಾಡಿಯ ವೇಗ ಇದ್ದಲ್ಲೇ ನಿಲ್ಲುತ್ತದೆ, ಥ್ರಾಟಲ್ ದನಿಯನ್ನು ಮಾತ್ರ ಬದಲಿಸುತ್ತದೆ. ಏರು ಶುರುವಾಗುವಲ್ಲಿ ಒತ್ತಿ, ನಾಚ್ ಎಂಟರವರೆಗೆ ಏರಿಸಿ: ವೇಗ ಅಷ್ಟೇ, ಎಂಜಿನ್ ಮಾತ್ರ ಎದೆಯೊಡೆದು ದುಡಿಯುತ್ತಿದೆ. ಇಳಿಜಾರಿನಲ್ಲಿ ಇದರ ತಿರುಗುಮುರುಗು. ದನಿಯನ್ನು ಐಡಲ್‌ಗೆ ಇಳಿಸಿ ಡೈನಮಿಕ್ ಬ್ರೇಕಿನ (ಮೋಟರುಗಳೇ ಗಾಡಿಯನ್ನು ತಡೆಯುವ ಬ್ರೇಕು) ಊಳು ಹಾಕಿ. ನಾವು ಕ್ಯಾಬಿನಲ್ಲಿ ಮಾಡುತ್ತಿದ್ದದ್ದೂ ಇದೇ.

ದನಿಯ ಮಟ್ಟ ಲೋಕ್‌ಸೌಂಡ್‌ನಲ್ಲಿ ಸಿವಿ 63. ಕಾರ್ಖಾನೆಯಿಂದ ಬಂದ ಅಂಕಿಯನ್ನು ಅರ್ಧಕ್ಕಿಂತ ಕೆಳಗೆ ತನ್ನಿ. ಕೋಣೆಯ ಆಚೆ ಮೂಲೆಯಲ್ಲಿರುವ ಎಂಜಿನ್ ಕೇಳಿಯೂ ಕೇಳದಂತಿರಬೇಕು, ಹತ್ತಿರ ಬಂದಾಗ ಮಾತ್ರ ಮೈದುಂಬಬೇಕು. ಹಾರ್ನ್ ಬದಲಿಸಿ: ಅಮೆರಿಕದ ಗಾಡಿಯ ದನಿ ಎಡಕುಮೇರಿಯಲ್ಲಿ ಹೊಂದುವುದಿಲ್ಲ. ನಮ್ಮ ಗಾಡಿಯ ಹಾರ್ನನ್ನು ಸ್ಟೇಷನ್ನಿನಿಂದ ದೂರ, ಗಾಳಿ ಇಲ್ಲದ ಮುಂಜಾನೆ, ರಸ್ತೆ ಬದಿಯಿಂದ ಧ್ವನಿಮುದ್ರಿಸಿ. ಹಳಿಯ ಮೇಲೆ ಕಾಲಿಡಬೇಡಿ, ಸೇತುವೆ ಸುರಂಗಗಳೊಳಗೆ ನಡೆಯಬೇಡಿ. ಅಲ್ಲಿ ಓಡಿ ತಪ್ಪಿಸಿಕೊಳ್ಳಲು ಜಾಗವಿಲ್ಲವೆಂದು ಬಲ್ಲವನು ಹೇಳುತ್ತಿದ್ದೇನೆ.

ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್ ಹಾಕುವುದಾದರೆ ಎರಡೂ ಎಂಜಿನ್‌ಗಳನ್ನು ಹಳಿಯ ಮೇಲೆ ಒಂದರ ಹಿಂದೆ ಒಂದು ಬಿಟ್ಟು, ಅಂತರ ಬದಲಾಗದಂತೆ ಸಿವಿ 2 (ಹೊರಡುವ ವೇಗ) ಮತ್ತು ಸಿವಿ 5 ತಿದ್ದಿ. ಎರಡಕ್ಕೂ ಒಂದೇ ಮಟ್ಟದ ದನಿ ಇಡಬೇಡಿ, ಹಿಂದಿನದು ಸ್ವಲ್ಪ ಮಂದವಾಗಿರಲಿ.

ಮಣ್ಣು ಗಿಡಗಳ ಕೆಲಸ ಸಲೀಸು, ಒಂದು ಎಚ್ಚರ ಬಿಟ್ಟರೆ. ನಮ್ಮ ಕೆಂಪು ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ಹಾಳೆಯ ಮೇಲೆ ಹರಡಿ ಆಯಸ್ಕಾಂತ ಆಡಿಸಿ. ಕಬ್ಬಿಣದ ಪುಡಿ ಅಂಟಿಕೊಂಡು ಬರುತ್ತದೆ. ಅದು ಉಳಿದರೆ ಮೋಟರಿಗೂ ಸ್ಪೀಕರ್ ಪರದೆಗೂ ಹೋಗಿ ಕೂರುತ್ತದೆ. ಜಲ್ಲಿಗೆ ಅರ್ಧ ಫೆವಿಕಾಲ್, ಅರ್ಧ ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು. ಒಣಗಿದ ಮೇಲೆ ಹಳಿಯ ತಲೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ.

ಸುರಂಗದ ಬಾಯಿಗೆ ಒಂದಿಷ್ಟು ಮೊದಲು ಹಾರ್ನ್ ಹಾಕಲು ಹೇಳುವ ಹಳದಿ 'ಡಬ್ಲ್ಯೂ' ಫಲಕ ನೆಡಿ. ಎಂಜಿನ್ ಅಲ್ಲಿಗೆ ಬಂದಾಗ ಹಾರ್ನ್, ಮೂಗು ಕತ್ತಲೆಗೆ ಹೊಕ್ಕಾಗ ದನಿ ತಗ್ಗಿಸುವ ಫೇಡ್ ಗುಂಡಿ. ಬೆರಳು ಗುಂಡಿಯ ಮೇಲೆ ಇಟ್ಟು ಕಾಯಿರಿ, ಆಚೆ ಬಾಯಿಯಲ್ಲಿ ದೀಪ ಕಾಣುವವರೆಗೆ. ಕಂಡ ಕೂಡಲೇ ಇನ್ನೊಮ್ಮೆ ಒತ್ತಿ.